ಏಳು ದಿನದ ನಿಯಮ, ನಾಲ್ಕು ದಿನದ ಗೈರು

ಹತ್ತಿ ಒಡೆಯುವ ಕಾಲಕ್ಕೆ ರಾಯಚೂರು, ಯಾದಗಿರಿ ಕಡೆಯ ಹಳ್ಳಿಗಳಲ್ಲಿ ಬೆಳಗ್ಗೆ ಏಳಕ್ಕೆ ಅಗಸಿ ಕಟ್ಟೆ ಮೇಲೆ ಕೂತು ನೋಡಿ. ಟಂಟಂ, ಕ್ರೂಸರ್, ಟಾಟಾ ಏಸ್ ಗಾಡಿಗಳು ಕೂಲಿಯವರನ್ನು ತುಂಬಿಕೊಂಡು ಹೊಲದ ದಾರಿ ಹಿಡಿಯುತ್ತವೆ. ಅದರಲ್ಲಿ ಆರನೇ ಕ್ಲಾಸು, ಎಂಟನೇ ಕ್ಲಾಸಿನ ಮಕ್ಕಳೂ ಇರುತ್ತಾರೆ. ಹತ್ತು ಗಂಟೆಗೆ ಅದೇ ಊರಿನ ಶಾಲೆಯಲ್ಲಿ ಹಾಜರಿ ಕೂಗುತ್ತಾರೆ. ಆಗ ಆ ಮಕ್ಕಳ ಹೆಸರಿನ ಮುಂದೆ ಏನು ಬೀಳುತ್ತೆ ಅನ್ನೋದರ ಬಗ್ಗೆ ಈ ಬರಹ.

ನಮ್ಮ ತಕರಾರು ಇಷ್ಟು. ನಮ್ಮ ಕಡೆಯ ಶಾಲೆಗಳಲ್ಲಿ ಮಗುವಿನ ಗೈರನ್ನು ಒಂದೋ ಮುಚ್ಚಿಡುತ್ತಾರೆ, ಇಲ್ಲಾ ಅದಕ್ಕೆ ಮಗುವನ್ನೇ ಶಿಕ್ಷಿಸುತ್ತಾರೆ. ಯಾಕೆ ಬರಲಿಲ್ಲ ಅಂತ ಕೇಳಿ, ಆ ಕಾರಣದ ಹಿಂದೆ ಬೀಳುವ ಕೆಲಸ ಮಾತ್ರ ಯಾರದೂ ಅಲ್ಲ ಎನ್ನುವಂತಾಗಿದೆ. ಕಾನೂನು ಮಾತ್ರ ಆ ಕೆಲಸ ಯಾರದು ಅಂತ ಹೆಸರಿಟ್ಟು ಹೇಳಿದೆ.

ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ ಹೆಸರಲ್ಲೇ 'ಕಡ್ಡಾಯ' ಅನ್ನೋ ಪದ ಇದೆ. ಊರಲ್ಲಿ ಬಹಳ ಜನ ಇದನ್ನು ಅವ್ವ-ಅಪ್ಪನ ಮೇಲೆ ಹಾಕಿದ ಕಡ್ಡಾಯ ಅಂದುಕೊಂಡಿದ್ದಾರೆ. ಅಧಿಕಾರಿಗಳೂ ಸಭೆಗಳಲ್ಲಿ ಹಾಗೆಯೇ ಮಾತಾಡಿ ಹೋಗುತ್ತಾರೆ. 8ನೇ ಕಲಂ ತೆಗೆದು ಓದಿ. 6ರಿಂದ 14 ವರ್ಷದ ಪ್ರತಿ ಮಗು ಶಾಲೆಗೆ ಸೇರಬೇಕು, ದಿನಾ ಬರಬೇಕು, ಎಂಟನೇ ತರಗತಿ ಮುಗಿಸಬೇಕು. ಈ ಮೂರನ್ನೂ ಖಾತ್ರಿ ಮಾಡುವುದೇ 'ಕಡ್ಡಾಯ'ದ ಅರ್ಥ, ಅದರ ಹೊಣೆ ಸರ್ಕಾರದ್ದು ಅಂತ ಅಲ್ಲಿದೆ. 9ನೇ ಕಲಂ ಹಾಜರಾತಿ ಮೇಲೆ ಕಣ್ಣಿಡುವ ಹೊಣೆಯನ್ನು ಸ್ಥಳೀಯ ಆಡಳಿತಕ್ಕೂ ಹೊರಿಸುತ್ತದೆ. ಮಗು ಸರಿಯಾಗಿ ಬರುತ್ತಿದೆಯೋ ಇಲ್ಲವೋ ಅಂತ ಪೋಷಕರನ್ನು ಕರೆದು ತಿಳಿಸುವುದು 24ನೇ ಕಲಂ ಪ್ರಕಾರ ಶಿಕ್ಷಕರ ಕರ್ತವ್ಯ. ತಂದೆ-ತಾಯಿಗೆ ಇರುವುದು 10ನೇ ಕಲಂನ ಒಂದೇ ಸಾಲು: ಮಗುವನ್ನು ಶಾಲೆಗೆ ಸೇರಿಸಿ.

ಕರ್ನಾಟಕಕ್ಕೆ ಇದರ ಮೇಲೆ ಇನ್ನೊಂದು ನಿಯಮ ಇದೆ. 2013ರಲ್ಲಿ ಶಾಲೆ ಬಿಟ್ಟ ಮಕ್ಕಳ ಬಗ್ಗೆ ಪತ್ರಿಕೆಯಲ್ಲಿ ಬಂದ ವರದಿ ನೋಡಿ ಹೈಕೋರ್ಟ್ ತಾನಾಗಿಯೇ ಪ್ರಕರಣ ದಾಖಲಿಸಿಕೊಂಡಿತು. ಅಲ್ಲಿಯವರೆಗೆ ನಮ್ಮಲ್ಲಿ 60 ದಿನ ಬರದಿದ್ದರೆ ಮಾತ್ರ ಆ ಮಗುವನ್ನು 'ಶಾಲೆಯಿಂದ ಹೊರಗುಳಿದ ಮಗು' ಅಂತ ಎಣಿಸುತ್ತಿದ್ದರು. ಎರಡು ತಿಂಗಳು! ಅಷ್ಟರಲ್ಲಿ ಗುಳೆ ಹೋದ ಕುಟುಂಬ ಬೆಂಗಳೂರಲ್ಲಿ ಒಂದು ಮನೆ ಕಟ್ಟಿ ಮುಗಿಸಿ ಇನ್ನೊಂದರ ಪಾಯಕ್ಕೆ ಇಳಿದಿರುತ್ತೆ. ಕೋರ್ಟು ಚಾಟಿ ಬೀಸಿದ ಮೇಲೆ 60 ಹೋಗಿ 7 ಆಯಿತು. ಹೇಳದೆ ಕೇಳದೆ ಸತತ ಏಳು ದಿನ ಬರದಿದ್ದರೆ ಆ ಮಗುವನ್ನು ಹುಡುಕಿಕೊಂಡು ಹೋಗಬೇಕು, ವಾಪಸ್ ಕರೆತರಬೇಕು.

ಒಳ್ಳೆಯ ನಿಯಮ. ಆದರೆ ಅದರಲ್ಲಿರುವ 'ಸತತ' ಅನ್ನೋ ಪದದ ಸಂದಿಯಲ್ಲೇ ನಮ್ಮ ಕಡೆಯ ಅರ್ಧ ಮಕ್ಕಳು ನುಸುಳಿ ಹೋಗುತ್ತಿದ್ದಾರೆ.

ಹತ್ತಿ ಬಿಡಿಸುವ ಕೂಲಿ ಕೆಜಿ ಲೆಕ್ಕ. ದಿನದ ಪಗಾರ ಆಗಿದ್ದರೆ ಮಗುವನ್ನು ಕರೆದುಕೊಂಡು ಹೋಗಿ ಲಾಭ ಇರಲಿಲ್ಲ. ಕೆಜಿ ಲೆಕ್ಕದಲ್ಲಿ ಮಗಳು ಬಿಡಿಸಿದ್ದು ಅವ್ವನ ಚೀಲಕ್ಕೇ ಬೀಳುತ್ತೆ, ತೂಕದ ಕಾಟಾಕ್ಕೆ ವಯಸ್ಸು ಗೊತ್ತಾಗಲ್ಲ. ಹತ್ತಿ ಮುಗಿಯುವಷ್ಟರಲ್ಲಿ ಮೆಣಸಿನಕಾಯಿ ಬರುತ್ತೆ. ಈ ಹುಡುಗಿ ಏಳು ದಿನ ಒಟ್ಟಿಗೆ ತಪ್ಪಿಸಲ್ಲ. ಸೋಮವಾರ ಬರುತ್ತಾಳೆ. ಮಂಗಳವಾರದಿಂದ ಶುಕ್ರವಾರ ಇಲ್ಲ. ಶನಿವಾರ ಅರ್ಧ ದಿನದ ಶಾಲೆಗೆ ಮತ್ತೆ ಹಾಜರ್. ಎಣಿಕೆ ಮತ್ತೆ ಸೊನ್ನೆಯಿಂದ ಶುರು. ಇಡೀ ಸುಗ್ಗಿ ಹೀಗೇ ಹೋದರೂ ಏಳು ದಿನದ ಗಂಟೆ ಒಂದು ಸಲವೂ ಬಾರಿಸಲ್ಲ.

ಲೆಕ್ಕ ಹಾಕೋಣ. ಆರರಿಂದ ಎಂಟನೇ ತರಗತಿಗೆ ವರ್ಷಕ್ಕೆ ಕನಿಷ್ಠ 220 ದಿನ ಶಾಲೆ ನಡೆಯಬೇಕು ಅಂತ ಕಾಯ್ದೆಯೇ ಹೇಳುತ್ತೆ. ವಾರಕ್ಕೆ ನಾಲ್ಕು ದಿನದಂತೆ ಹದಿನಾಲ್ಕು ವಾರ ಹೊಲಕ್ಕೆ ಹೋದರೆ 56 ದಿನ. ಅಂದರೆ ವರ್ಷದ ಕಾಲು ಭಾಗಕ್ಕಿಂತ ಹೆಚ್ಚು. ಇದರ ಮೇಲೆ ಜ್ವರ, ಜಾತ್ರೆ, ಎಳ್ಳಮಾವಾಸ್ಯೆ, ಬಸ್ ನಿಲ್ಲಿಸದ ದಿನ, ತಮ್ಮನನ್ನು ನೋಡಿಕೊಳ್ಳೋಕೆ ಮನೆಯಲ್ಲಿ ಉಳಿದ ದಿನ. ಅಕ್ಟೋಬರ್‌ನಿಂದ ಜನವರಿವರೆಗೆ ಭಿನ್ನರಾಶಿ ಪಾಠ ಆಗುತ್ತಿದ್ದರೆ ಆ ಹುಡುಗಿಯ ಪಾಲಿಗೆ ಭಿನ್ನರಾಶಿ ಅನ್ನೋದು ಲೋಕದಲ್ಲೇ ಇಲ್ಲ.

ಈಗ ಮುಚ್ಚಿಡುವ ವಿಷಯಕ್ಕೆ ಬರೋಣ. ಎಷ್ಟೋ ಶಾಲೆಗಳ ಹಾಜರಿ ಪುಸ್ತಕದಲ್ಲಿ ಈ 56 ದಿನ ಗೈರು ಅಂತಲೂ ಇರಲ್ಲ. ಮೇಷ್ಟ್ರುಗಳನ್ನು ಕೇಳಿದರೆ ಮೆಲ್ಲಗೆ ಹೇಳುತ್ತಾರೆ: "ಗೈರು ಹಾಕಿದ್ರ ನಾವೇ ಉತ್ರ ಕೊಡ್ಬೇಕ್ರಿ." ಮಕ್ಕಳ ಸಂಖ್ಯೆ ಇಳಿದರೆ ಶಿಕ್ಷಕರ ಹುದ್ದೆ 'ಹೆಚ್ಚುವರಿ' ಆಗಿ ಬೇರೆ ಊರಿಗೆ ಹೋಗುತ್ತೆ. ಹೆಸರು ಕಡಿಮೆ ಮಾಡಿದರೆ ಶಾಲೆಯೇ ಮುಚ್ಚಬಹುದು ಅನ್ನೋ ಹೆದರಿಕೆ ಬೇರೆ. ಗೈರು ಜಾಸ್ತಿ ತೋರಿಸಿದ ಶಾಲೆಗೆ ನೋಟಿಸು, ಎಲ್ಲಾ ಹಾಜರ್ ಅಂದ ಶಾಲೆಗೆ ಶಹಬ್ಬಾಸ್‌ಗಿರಿ. ಇಂಥ ವ್ಯವಸ್ಥೆಯಲ್ಲಿ ನಿಜ ಬರೆಯುವ ಮೇಷ್ಟ್ರೇ ಪೆದ್ದ ಅನಿಸಿಕೊಳ್ಳುತ್ತಾರೆ. ನಾವು ಮೇಷ್ಟ್ರುಗಳನ್ನಷ್ಟೇ ದೂರುತ್ತಿಲ್ಲ. ಸುಳ್ಳು ಹಾಜರಿ ಹಾಕೋದು ಅವರ ಪೆನ್ನೇ ಇರಬಹುದು, ಹಾಕಿಸೋದು ಮೇಲಿನವರ ಕೋಷ್ಟಕ.

ಮಗುವಿಗೂ ಈ ಸುಳ್ಳು ಬೇಗ ಕಲಿಸುತ್ತೇವೆ. ರಜೆ ಅರ್ಜಿ ನೆನಪಿದೆಯಲ್ಲ? "ನನಗೆ ಜ್ವರ ಬಂದಿದ್ದರಿಂದ..." ನಮ್ಮಲ್ಲಿ ಸರ್ಕಾರಿ ಶಾಲೆ ಓದಿದ ಎಲ್ಲರೂ ಬರೆದಿದ್ದು ಅದೇ ಅರ್ಜಿ, ಎಲ್ಲರಿಗೂ ಬಂದಿದ್ದು ಅದೇ ಜ್ವರ. ಹತ್ತಿ ಬಿಡಿಸೋಕೆ ಹೋಗಿದ್ದೆ ಅಂತ ಬರೆದವನಿಗೆ ಏಟು, ಜ್ವರ ಅಂತ ಬರೆದವನಿಗೆ ಮಾಫಿ. ಕನ್ನಡದಲ್ಲಿ ಮಗು ಬರೆಯುವ ಮೊದಲ ಪತ್ರವೇ ಹೀಗೆ ಸುಳ್ಳು ಪತ್ರ ಆಗಿಬಿಟ್ಟರೆ ಶಾಲೆಗೆ ನಿಜವಾದ ಕಾರಣ ಎಲ್ಲಿಂದ ಗೊತ್ತಾಗಬೇಕು?

ಶಿಕ್ಷೆಯ ಮಾತು. ನಿನ್ನೆ ಬರಲಿಲ್ಲ ಅಂತ ಇವತ್ತು ಬಾಗಿಲ ಹೊರಗೆ ನಿಲ್ಲಿಸುವುದು, ಕಸ ಹೊಡೆಸುವುದು, ಎಲ್ಲರ ಮುಂದೆ "ಬಂದ್ಳು ನೋಡ್ರಿ ಹತ್ತಿ ಸಾಹುಕಾರ್ತಿ" ಅಂತ ನಗುವುದು. ಕಾಯ್ದೆಯ 17ನೇ ಕಲಂ ಹೊಡೆತವನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಅದು ಇರಲಿ, ಇದರ ಪರಿಣಾಮ ಯೋಚಿಸಿ. ನಾಲ್ಕು ದಿನ ತಪ್ಪಿಸಿ ಐದನೇ ದಿನ ತಾನಾಗಿಯೇ ಶಾಲೆಗೆ ನಡೆದು ಬಂದ ಮಗುವಿಗೆ ಸಿಕ್ಕಿದ್ದು ಅವಮಾನ. ಆರನೇ ದಿನ ಅದು ಎಲ್ಲಿ ಇರುತ್ತೆ ಅಂತ ನಿಮಗೂ ಗೊತ್ತು. ಬರದ ದಿನಕ್ಕೆ ಕೊಟ್ಟ ಶಿಕ್ಷೆ ಬಂದ ದಿನದ ಮೇಲೆ ಬೀಳುತ್ತೆ.

ಹೀಗೆ ಎಂಟನೇ ಕ್ಲಾಸಿನವರೆಗೆ ಕಣ್ಣುಮುಚ್ಚಿ ತಳ್ಳಿಕೊಂಡು ಬಂದವರಿಗೆ ಹತ್ತನೇ ಕ್ಲಾಸಲ್ಲಿ ಒಮ್ಮೆಲೇ ನಿಯಮ ನೆನಪಾಗುತ್ತೆ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರಲು ಶೇ. 75 ಹಾಜರಾತಿ ಬೇಕು. ಹತ್ತನೇ ತರಗತಿಗೂ 220 ದಿನ ಅಂತ ಇಟ್ಟುಕೊಂಡರೆ 165 ದಿನ ಬರಬೇಕು, 55 ದಿನ ತಪ್ಪಿಸಬಹುದು. ಮೇಲಿನ ಹುಡುಗಿಯದು 56. ಒಂದು ದಿನ ಜಾಸ್ತಿ! ಅಲ್ಲಿವರೆಗೆ ಗೈರನ್ನು ಹಾಜರಿ ಮಾಡಿದ್ದ ಪೆನ್ನು ಈಗ ಹಾಲ್ ಟಿಕೆಟ್ ಮುಂದೆ ನ್ಯಾಯಾಧೀಶ ಆಗುತ್ತೆ. ಯಾರಿಗೆ ವಿನಾಯಿತಿ, ಯಾರಿಗೆ ಕೊರತೆ ಅನ್ನೋದು ಮುಖ್ಯೋಪಾಧ್ಯಾಯರ ಮರ್ಜಿಗೆ ಬಿಡುತ್ತೆ. ಫಲಿತಾಂಶದ ಪರ್ಸೆಂಟೇಜ್ ಕೆಡಿಸಬಹುದಾದ ಮಗುವಿಗೇ ಹಾಜರಾತಿ ಕೊರತೆ ಹೆಚ್ಚು ಕಾಣಿಸುತ್ತೆ ಅನ್ನೋ ಅನುಮಾನ ನಮಗಿದೆ. ಊರೂರಲ್ಲಿ ಪೋಷಕರಿಗೂ ಇದೆ.

2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಯಾದಗಿರಿ ಜಿಲ್ಲೆ ಕೊನೆ, 2025ರಲ್ಲಿ ಕಲಬುರಗಿ ಕೊನೆ. ಫಲಿತಾಂಶ ಬಂದಾಗಲೆಲ್ಲ ಅದೇ ನಾಟಕ: ಮಂತ್ರಿಗಳ ಸಿಟ್ಟು, ಅಧಿಕಾರಿಗಳಿಗೆ ನೋಟಿಸು, ವಿಶೇಷ ತರಗತಿ, ಮಾದರಿ ಪ್ರಶ್ನೆಪತ್ರಿಕೆ. ಈ ಮಕ್ಕಳು ಆರು, ಏಳು, ಎಂಟನೇ ತರಗತಿಯಲ್ಲಿ ನಿಜವಾಗಿ ಎಷ್ಟು ದಿನ ಶಾಲೆಯಲ್ಲಿದ್ದರು ಅಂತ ಹಳೆ ಹಾಜರಿ ಪುಸ್ತಕ ತೆಗೆದು ಹೊಲದ ಕೆಲಸದ ತಿಂಗಳುಗಳ ಜೊತೆ ಇಟ್ಟು ನೋಡಿದವರನ್ನು ನಾವು ಕಂಡಿಲ್ಲ. ನೋಡಿದರೂ ಏನು, ಪುಸ್ತಕವೇ ಸುಳ್ಳು ಹೇಳುತ್ತೆ.

ಸರ್ಕಾರಕ್ಕೆ ಬೇಕಾದಾಗ ಹಾಜರಾತಿ ಎಷ್ಟು ಸಡಿಲ ಆಗುತ್ತೆ ಅಂತಲೂ ನೋಡಿದ್ದೇವೆ. 2025ರ ಅಕ್ಟೋಬರ್‌ನಲ್ಲಿ ಜಾತಿ ಸಮೀಕ್ಷೆಗೆ ಮೇಷ್ಟ್ರುಗಳು ಬೇಕು ಅಂತ ಸರ್ಕಾರಿ, ಅನುದಾನಿತ ಶಾಲೆಗಳ ದಸರಾ ರಜೆಯನ್ನು 18ನೇ ತಾರೀಖಿನವರೆಗೆ ಎಳೆದರು. ಸಮೀಕ್ಷೆ ಬೇಡ ಅಂತ ನಮ್ಮ ಮಾತಲ್ಲ. ಆ ದಿನಗಳು ಯಾವ ಮೇಷ್ಟ್ರ ಲೆಕ್ಕಕ್ಕೂ, ಯಾವ ಮಗುವಿನ ಲೆಕ್ಕಕ್ಕೂ ಗೈರು ಅಂತ ಬೀಳಲಿಲ್ಲ. ತಪ್ಪಿದ ಪಾಠ ಹೆಚ್ಚುವರಿ ತರಗತಿಯಲ್ಲಿ ಸರಿದೂಗಿಸೋಣ ಅಂದರು. ಸರಿ. ಅದೇ ಔದಾರ್ಯ ಹತ್ತಿ ಹೊಲದಿಂದ ವಾಪಸ್ ಬಂದ ಮಗುವಿಗೆ ಯಾಕಿಲ್ಲ? ಅವಳಿಗೂ ತಪ್ಪಿದ್ದು ಪಾಠವೇ. ಅವಳಿಗೆ ಹೆಚ್ಚುವರಿ ತರಗತಿ ಇಲ್ಲ, ಬಾಗಿಲ ಹೊರಗೆ ಜಾಗ ಇದೆ.

ಇದಕ್ಕೆಲ್ಲ ಪರಿಹಾರ ಅಂತ ಈಗ ಮೊಬೈಲಲ್ಲಿ ಮುಖ ಗುರುತಿಸಿ ಹಾಜರಾತಿ ಹಾಕುವ ಮಾತು ಶುರುವಾಗಿದೆ. ಮಕ್ಕಳ ಮುಖದ ಮಾಹಿತಿ ಎಲ್ಲಿ ಹೋಗುತ್ತೆ ಅನ್ನೋ ಪ್ರಶ್ನೆ ಒಂದು ಕಡೆ, ನೆಟ್‌ವರ್ಕ್‌ಗಾಗಿ ಮಾಳಿಗೆ ಹತ್ತುವ ಊರುಗಳು ಇನ್ನೊಂದು ಕಡೆ. ಸುಳ್ಳು ಹಾಜರಿ ನಿಲ್ಲಬಹುದು, ಒಪ್ಪೋಣ. ಆದರೆ ಕ್ಯಾಮೆರಾ ಎದುರಿಗಿರುವ ಮುಖ ಗುರುತಿಸುತ್ತೆ. ಇಲ್ಲದ ಮುಖದ ಮನೆಗೆ ಅದು ನಡೆದು ಹೋಗಲ್ಲ.

"ಹೆತ್ತವರೇ ಕಳಿಸದಿದ್ದರೆ ಶಾಲೆ ಏನು ಮಾಡಬೇಕು?" ಇದು ಎಲ್ಲರೂ ಕೇಳುವ ಪ್ರಶ್ನೆ. ಹೆತ್ತವರದು ತಪ್ಪೇ ಇಲ್ಲ ಅಂತ ನಾವು ಹೇಳಲ್ಲ. ಮಗನನ್ನು ಕಾನ್ವೆಂಟ್ ವ್ಯಾನಿಗೆ ಹತ್ತಿಸಿ ಮಗಳನ್ನು ಹೊಲದ ಗಾಡಿಗೆ ಹತ್ತಿಸುವ ಮನೆಗಳು ನಮ್ಮ ಕಣ್ಣೆದುರೇ ಇವೆ. ಆದರೆ ಆ ಹೊಲ ಯಾರದು ಅಂತಲೂ ಕೇಳಬೇಕಲ್ಲ? 14 ವರ್ಷದೊಳಗಿನ ಮಗುವನ್ನು ದುಡಿಸಿಕೊಂಡರೆ ಆರು ತಿಂಗಳಿಂದ ಎರಡು ವರ್ಷದವರೆಗೆ ಜೈಲು, ಇಲ್ಲವೇ 20 ಸಾವಿರದಿಂದ 50 ಸಾವಿರ ರೂಪಾಯಿ ದಂಡ, ಇಲ್ಲವೇ ಎರಡೂ. 2016ರ ತಿದ್ದುಪಡಿಯ ನಂತರದ ಕಾನೂನು ಇದು. ಮನೆಯವರ ಸ್ವಂತ ಕೆಲಸಕ್ಕೆ, ಅದೂ ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ ಕೈಜೋಡಿಸಲು ಮಾತ್ರ ವಿನಾಯಿತಿ. ಇನ್ನೊಬ್ಬರ ಹೊಲಕ್ಕೆ ಕೂಲಿ ಹೋಗುವುದು ಆ ವಿನಾಯಿತಿಯಲ್ಲಿ ಬರಲ್ಲ. ಈಗ ಹೊಲದ ಮಾಲೀಕರ ಹೆಸರು ನೋಡಿ. ಕೆಲವು ಊರಲ್ಲಿ ಅವರೇ ಪಂಚಾಯ್ತಿ ಸದಸ್ಯರು, ಅವರೇ ಶಾಲೆಗೆ ಬೆಂಚು ದಾನ ಕೊಟ್ಟವರು, ಅವರ ಅಣ್ಣನೋ ತಮ್ಮನೋ ಎಸ್‌ಡಿಎಂಸಿ ಅಧ್ಯಕ್ಷ. ಮಗುವನ್ನು ಹುಡುಕಿಕೊಂಡು ಹೋಗಬೇಕಾದವರ ಹೊಲದಲ್ಲೇ ಮಗು ಇದ್ದರೆ ಹುಡುಕುವವರು ಯಾರು?

ಗುಳೆ ಹೋಗುವ ಮಕ್ಕಳದು ಬೇರೆಯೇ ಕಥೆ, ಅದನ್ನು ಇನ್ನೊಮ್ಮೆ ಪೂರ್ತಿ ಬರೆಯಬೇಕು. ಸದ್ಯ ಒಂದು ವಿಷಯ ತಿಳಿದಿರಲಿ: ಟಿಸಿ ಇಲ್ಲ ಅಥವಾ ತಡವಾಯಿತು ಅಂತ ಬೆಂಗಳೂರಿನದೇ ಆಗಲಿ, ಪುಣೆಯದೇ ಆಗಲಿ, ಸರ್ಕಾರಿ ಶಾಲೆ ಮಗುವನ್ನು ಸೇರಿಸಿಕೊಳ್ಳದೆ ವಾಪಸ್ ಕಳಿಸುವಂತಿಲ್ಲ. 5ನೇ ಕಲಂ ಅದನ್ನೇ ಹೇಳುತ್ತೆ. ಊರಲ್ಲೇ ಅಜ್ಜ-ಅಜ್ಜಿ ಹತ್ತಿರ ಬಿಟ್ಟು ಹೋಗುವ ಮಕ್ಕಳಿಗೆ ಆ ಕೆಲವು ತಿಂಗಳ ಮಟ್ಟಿಗೆ ವಸತಿ ವ್ಯವಸ್ಥೆ ಮಾಡಲು ಸಮಗ್ರ ಶಿಕ್ಷಣ ಯೋಜನೆಯಲ್ಲಿ ಅವಕಾಶ ಇದೆ. ಕೇಳದಿದ್ದರೆ ಅದು ನಮ್ಮ ಊರಿಗೆ ಬರಲ್ಲ.

ನಾವು ಕೇಳುತ್ತಿರುವುದು ದೊಡ್ಡದೇನಲ್ಲ. ನಿಜವಾದ ಗೈರು ಬರೆದ ಶಾಲೆಗೆ ನೋಟಿಸು ಕೊಡುವುದು ನಿಲ್ಲಲಿ, ಹುದ್ದೆ ಕಿತ್ತುಕೊಳ್ಳುವುದೂ ನಿಲ್ಲಲಿ. ಗೈರಿನ ಪಕ್ಕ ಕಾರಣ ಬರೆಯಲು ಒಂದು ಮನೆ ಇರಲಿ, ಅಲ್ಲಿ ಹತ್ತಿ ಅಂತ ಬರೆದರೆ ಯಾರಿಗೂ ಏಟು ಬೀಳದಿರಲಿ. ಸತತ ಏಳು ದಿನದ ಜೊತೆಗೆ ತಿಂಗಳಲ್ಲಿ ಒಟ್ಟು ಏಳು ದಿನ ತಪ್ಪಿದರೂ ಮನೆಗೆ ಹೋಗಿ ಕೇಳುವ ನಿಯಮ ಬರಲಿ. ಸುಗ್ಗಿ ಮುಗಿದ ಮೇಲೆ ಆ ಮಕ್ಕಳಿಗೆ ತಪ್ಪಿದ ಪಾಠ ಹೇಳಿಕೊಡಲು ದಿನಕ್ಕೊಂದು ತಾಸು ಇರಲಿ, ಅದಕ್ಕೆ ಅತಿಥಿ ಶಿಕ್ಷಕರಿಗೆ ಗೌರವಧನ ಸಿಗಲಿ. ಎಸ್ಸೆಸ್ಸೆಲ್ಸಿಯ ಶೇ. 75 ಲೆಕ್ಕವನ್ನು ಫೆಬ್ರವರಿಯಲ್ಲಿ ಬಾಂಬಿನಂತೆ ಹಾಕುವ ಬದಲು ಪ್ರತಿ ತಿಂಗಳು ಮನೆಗೆ ಬರೆದು ತಿಳಿಸಲಿ.

ಬೆಂಗಳೂರಿನಿಂದ ಆದೇಶ ಬರುವವರೆಗೆ ಊರಲ್ಲೇ ಮಾಡಬಹುದಾದ್ದೂ ಇದೆ. ಎಸ್‌ಡಿಎಂಸಿಯಲ್ಲಿ ಮುಕ್ಕಾಲು ಪಾಲು ಸದಸ್ಯರು ಪೋಷಕರೇ ಇರಬೇಕು, ಅರ್ಧದಷ್ಟು ಹೆಣ್ಣುಮಕ್ಕಳು ಇರಬೇಕು ಅಂತ ಕಾನೂನಿದೆ. ನೀವು ಸದಸ್ಯರಾಗಿದ್ದರೆ ಮುಂದಿನ ಸಭೆಯಲ್ಲಿ ಹಾಜರಿ ಪುಸ್ತಕ ತರಿಸಿ. ಬಿಸಿಯೂಟದ ಅಕ್ಕಂದಿರನ್ನೂ ಕರೆದು ಕೂರಿಸಿ. ಯಾವ ದಿನ ಎಷ್ಟು ತಟ್ಟೆ ಎದ್ದವು ಅಂತ ಅವರಿಗಿಂತ ಚೆನ್ನಾಗಿ ಬಲ್ಲವರು ಶಾಲೆಯಲ್ಲಿ ಯಾರೂ ಇಲ್ಲ. ಸದಸ್ಯರಲ್ಲದಿದ್ದರೆ ಪಂಚಾಯ್ತಿಯ ಮಕ್ಕಳ ಗ್ರಾಮಸಭೆಗೆ ಹೋಗಿ. ಅಲ್ಲಿ ಭಾಷಣ, ಹಾಡು, ಬಿಸ್ಕತ್ತು ಮುಗಿಯುವ ಮೊದಲು ಪಿಡಿಒ ಸಾಹೇಬರಿಗೆ ಒಂದೇ ಪ್ರಶ್ನೆ ಹಾಕಿ: ಕಳೆದ ಅಕ್ಟೋಬರ್‌ನಿಂದ ಜನವರಿವರೆಗೆ ನಮ್ಮ ಶಾಲೆಯಿಂದ ಎಷ್ಟು ಮಕ್ಕಳು ಹೊಲಕ್ಕೆ ಹೋದರು, ಅವರಲ್ಲಿ ಎಷ್ಟು ಜನರ ಮನೆ ಬಾಗಿಲಿಗೆ ಯಾರು ಹೋಗಿದ್ದರು? ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಫೋಟೋ ತೆಗೆದಿಟ್ಟುಕೊಳ್ಳಿ.