ಕ್ಷೌರದ ನಂತರದ ಉರಿ: ತೆರಿಗೆ ಪಟ್ಟಿ ಮರೆತ ಚರ್ಮ

ಬೆಂಗಳೂರು: ನವದೆಹಲಿಯಲ್ಲಿ 2025ರ ಸೆಪ್ಟೆಂಬರ್ 3ರಂದು ನಡೆದ ಜಿಎಸ್‌ಟಿ ಮಂಡಳಿಯ 56ನೇ ಸಭೆಯು ದಿನಬಳಕೆಯ ಅನೇಕ ವಸ್ತುಗಳ ಮೇಲಿನ ತೆರಿಗೆಯನ್ನು ಇಳಿಸಲು ನಿರ್ಧರಿಸಿತು. ಅದೇ ತಿಂಗಳ 22ರಿಂದ ಜಾರಿಗೆ ಬಂದ ಹೊಸ ದರಪಟ್ಟಿಯಲ್ಲಿ ಸೋಪು, ಶಾಂಪೂ, ಟೂತ್‌ಪೇಸ್ಟ್, ತಲೆಗೂದಲಿನ ಎಣ್ಣೆಗಳ ಜೊತೆಗೆ ಶೇವಿಂಗ್ ಕ್ರೀಮ್ ಮತ್ತು ಆಫ್ಟರ್ ಶೇವ್ ಲೋಷನ್ ಕೂಡ ಸ್ಥಾನ ಪಡೆದವು. ಇವುಗಳ ಮೇಲಿನ ತೆರಿಗೆ ಶೇ 18ರಿಂದ ಶೇ 5ಕ್ಕೆ ಇಳಿಯಿತು. ಕ್ಷೌರದಂಗಡಿ ಹಾಗೂ ಸಲೂನ್ ಸೇವೆಗಳ ದರವೂ ಶೇ 5ಕ್ಕೆ ಬಂತು. ತೆರಿಗೆ ಬಿಟ್ಟು 100 ರೂಪಾಯಿ ಬೆಲೆಯ ಆಫ್ಟರ್ ಶೇವ್ ಬಾಟಲಿಗೆ ಮೊದಲು 118 ರೂಪಾಯಿ ತೆರಬೇಕಿದ್ದ ಗ್ರಾಹಕ ಈಗ 105 ರೂಪಾಯಿ ತೆತ್ತರೆ ಸಾಕು.

ಇದು ಸ್ವಾಗತಾರ್ಹ ಕ್ರಮವೇ ಸರಿ. ಆದರೆ ಪಟ್ಟಿಯನ್ನು ಇನ್ನಷ್ಟು ಸೂಕ್ಷ್ಮವಾಗಿ ಗಮನಿಸಿದರೆ ವಿಚಿತ್ರವೊಂದು ಎದ್ದು ಕಾಣುತ್ತದೆ. ಕ್ಷೌರದ ನಂತರ ಒಣಗಿ ಬಿರಿಯುವ ಚರ್ಮಕ್ಕೆ ನಿಜವಾಗಿ ಬೇಕಾಗಿರುವುದು ತೇವಾಂಶ ಕಾಯುವ ಸಾದಾ ಮಾಯಿಶ್ಚರೈಸರ್. ಅದನ್ನು ಮಾತ್ರ ಶೇ 18ರ ದರದಲ್ಲಿಯೇ ಉಳಿಸಲಾಯಿತು.

ಪಟ್ಟಿಯೊಳಗಿನ ವೈರುಧ್ಯ

ತೆರಿಗೆ ವರ್ಗೀಕರಣದಲ್ಲಿ ಕ್ಷೌರಕ್ಕೆ ಸಂಬಂಧಿಸಿದ ಸಿದ್ಧವಸ್ತುಗಳು 3307ನೇ ಶೀರ್ಷಿಕೆಯಡಿ ಬರುತ್ತವೆ. ಚರ್ಮದ ಆರೈಕೆಯ ಕ್ರೀಮು, ಲೋಷನ್ನುಗಳು ಲಿಪ್‌ಸ್ಟಿಕ್ ಮೊದಲಾದ ಸೌಂದರ್ಯ ಸಾಧನಗಳೊಂದಿಗೆ 3304ನೇ ಶೀರ್ಷಿಕೆಯಲ್ಲಿವೆ. ಮೊದಲನೆಯದು ಸಾಮಾನ್ಯನ ದಿನಬಳಕೆಯ ವಸ್ತು, ಎರಡನೆಯದು ಅಲಂಕಾರದ ವಸ್ತು ಎಂಬ ಹಳೆಯ ಭಾವನೆ ಈ ವಿಂಗಡಣೆಯಲ್ಲಿ ಇನ್ನೂ ಉಳಿದುಕೊಂಡಿದೆ. 3304ರಲ್ಲಿಯೇ ಇರುವ ಟಾಲ್ಕಂ ಪೌಡರ್ ಮತ್ತು ಫೇಸ್ ಪೌಡರ್‌ಗೆ ಶೇ 5ರ ರಿಯಾಯಿತಿ ದೊರೆತಿದೆ. ಮಾಯಿಶ್ಚರೈಸರ್‌ಗೆ ಅದು ದೊರೆತಿಲ್ಲ.

ಮೂರನೆಯ ವಸ್ತುವೊಂದನ್ನೂ ಈ ಲೆಕ್ಕಕ್ಕೆ ಸೇರಿಸಬೇಕು. ಅದೇ ಸಭೆಯು ಔಷಧಗಳ ಮೇಲಿನ ತೆರಿಗೆಯನ್ನು ಶೇ 12ರಿಂದ ಶೇ 5ಕ್ಕೆ ಇಳಿಸಿತು. ರೋಗಿಗಳಿಗೆ ಇದರಿಂದ ದೊಡ್ಡ ಉಪಕಾರವಾಗಿದೆ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಔಷಧ ಅಂಗಡಿಯಲ್ಲಿ ಸಿಗುವ ಸ್ಟೀರಾಯ್ಡ್ ಮುಲಾಮುಗಳೂ ಔಷಧಗಳೇ. ಹೀಗಾಗಿ ಗಡ್ಡ ಬೋಳಿಸಿದ ಮೇಲೆ ಕೆನ್ನೆ ಉರಿಯುತ್ತಿರುವ ವ್ಯಕ್ತಿಯ ಮುಂದೆ ಈಗ ಮೂರು ಆಯ್ಕೆಗಳಿವೆ: ಉರಿಯನ್ನು ಹೆಚ್ಚಿಸಬಲ್ಲ ಮದ್ಯಸಾರದ ಲೋಷನ್‌ಗೆ ಶೇ 5 ತೆರಿಗೆ, ವೈದ್ಯರ ಚೀಟಿ ಇಲ್ಲದೆ ಹಚ್ಚಲೇಬಾರದ ಸ್ಟೀರಾಯ್ಡ್ ಮುಲಾಮಿಗೆ ಶೇ 5, ನಿರಪಾಯಕರವಾದ ಸಾದಾ ಕ್ರೀಮಿಗೆ ಶೇ 18.

ತೆರಿಗೆಯೊಂದೇ ಜನರ ಅಭ್ಯಾಸವನ್ನು ನಿರ್ಧರಿಸುವುದಿಲ್ಲ, ನಿಜ. ಜಾಹೀರಾತು, ಸುವಾಸನೆ, ತಂದೆಯಿಂದ ಮಗನಿಗೆ ಬಂದ ರೂಢಿ ಇವೆಲ್ಲವೂ ಅಲ್ಲಿ ಕೆಲಸ ಮಾಡುತ್ತವೆ. ಆದರೆ ಯಾವುದು ಅಗತ್ಯ, ಯಾವುದು ಐಷಾರಾಮ ಎಂಬುದರ ಬಗ್ಗೆ ಸರ್ಕಾರ ಕೊಡುವ ಸೂಚನೆಯೇ ತೆರಿಗೆಯ ದರ. ಆ ಸೂಚನೆ ಇಲ್ಲಿ ತಲೆಕೆಳಗಾಗಿದೆ.

ಚರ್ಮದಲ್ಲಿ ಆಗುವುದೇನು?

ಮನುಷ್ಯನ ಚರ್ಮದ ಹೊರಪದರವು ಸತ್ತ ಜೀವಕೋಶಗಳಿಂದಾದದ್ದು. ಇಟ್ಟಿಗೆಗಳ ನಡುವಿನ ಗಾರೆಯಂತೆ ಈ ಕೋಶಗಳ ನಡುವೆ ಕೊಬ್ಬಿನಂಶವಿದ್ದು, ದೇಹದ ತೇವವನ್ನು ಒಳಗೇ ಹಿಡಿದಿಡುತ್ತದೆ. ರೇಜರ್ ಗಡ್ಡವನ್ನಷ್ಟೇ ಅಲ್ಲ, ಈ ಹೊರಪದರದ ಸ್ವಲ್ಪ ಭಾಗವನ್ನೂ ಹೆರೆದು ತೆಗೆಯುತ್ತದೆ. ಅದರ ಮೇಲೆ ಮದ್ಯಸಾರ ಹೆಚ್ಚಿರುವ ಲೋಷನ್ ಹಚ್ಚಿದರೆ ಉಳಿದ ಕೊಬ್ಬಿನಂಶವೂ ಕರಗುತ್ತದೆ. ಮೊದಲು ತಂಪೆನಿಸಿದರೂ ಅರ್ಧ ಗಂಟೆಯಲ್ಲಿ ಚರ್ಮ ಬಿಗಿದು, ಬಿಳಿಪೊರೆ ಏಳತೊಡಗುತ್ತದೆ. ಬೀದರ್, ಕಲಬುರಗಿ, ವಿಜಯಪುರದ ಚಳಿಗಾಲದ ಒಣ ಗಾಳಿಯಲ್ಲಿ ಇದು ಇನ್ನಷ್ಟು ತೀವ್ರ. ಬೆಂಗಳೂರಿನ ಹೊರವಲಯದ ಬಡಾವಣೆಗಳಲ್ಲಿ ಬಳಸುವ ಗಡಸು ಕೊಳವೆಬಾವಿ ನೀರಿನಲ್ಲಿ ಸೋಪು ಸರಿಯಾಗಿ ನೊರೆಯಾಗದೆ ಅಂಟು ಚರ್ಮದ ಮೇಲೆಯೇ ಉಳಿಯುವುದೂ ತೊಂದರೆಗೆ ಕಾರಣವಾಗಬಹುದು.

ಸೋಂಕಿನ ಭಯವಿದ್ದ ಕಾಲದಲ್ಲಿ, ತೆರೆದ ಕತ್ತಿಯಿಂದ ಕ್ಷೌರ ಮಾಡುತ್ತಿದ್ದಾಗ, ಮದ್ಯಸಾರದ ಲೋಷನ್‌ಗೆ ಅರ್ಥವಿತ್ತು. ಕ್ಷೌರದಂಗಡಿಗಳಲ್ಲಿ ಇಂದಿಗೂ ಉಜ್ಜುವ ಪಟಿಕದ ಕಲ್ಲು ರಕ್ತ ನಿಲ್ಲಿಸುತ್ತದೆ. ಆದರೆ ಒಣ ಚರ್ಮವನ್ನು ಅದು ಮತ್ತಷ್ಟು ಒಣಗಿಸುತ್ತದೆ. ಒಬ್ಬರ ಮುಖಕ್ಕೆ ಉಜ್ಜಿದ ಕಲ್ಲನ್ನೇ ಇನ್ನೊಬ್ಬರಿಗೆ ಉಜ್ಜಿದರೆ ಸೋಂಕು ಹರಡುವ ಸಾಧ್ಯತೆಯೂ ಉಂಟು.

ಎರಡನೆಯ ತೊಂದರೆ ಚರ್ಮದೊಳಕ್ಕೇ ಬೆಳೆಯುವ ಕೂದಲಿನದು. ಗುಂಗುರು ಗಡ್ಡದವರಲ್ಲಿ ಇದು ಹೆಚ್ಚು. ಚೂಪಾಗಿ ಕತ್ತರಿಸಿದ ಕೂದಲು ಬಾಗಿ ಬೆಳೆದು, ತಾನು ಹೊರಬಂದ ಜಾಗದ ಪಕ್ಕದಲ್ಲಿಯೇ ಮತ್ತೆ ಚರ್ಮವನ್ನು ಚುಚ್ಚುತ್ತದೆ. ಚರ್ಮವನ್ನು ಎಳೆದು ಹಿಡಿದು ಅಥವಾ ಹಲವು ಬ್ಲೇಡಿನ ರೇಜರ್‌ನಿಂದ ತೀರಾ ನುಣ್ಣಗೆ ಬೋಳಿಸಿದಾಗ ಕೂದಲಿನ ತುದಿ ಚರ್ಮದ ಮಟ್ಟಕ್ಕಿಂತ ಕೆಳಗಿಳಿದು, ಹೊರಗೆ ಬರುವ ಮೊದಲೇ ಒಳಗೆ ತಿರುಗುತ್ತದೆ. ದೇಹವು ಆ ಕೂದಲನ್ನು ಹೊರಗಿನ ವಸ್ತುವೆಂದೇ ತಿಳಿದು ಪ್ರತಿಕ್ರಿಯಿಸುತ್ತದೆ. ಕುತ್ತಿಗೆ, ದವಡೆಯ ಕೆಳಭಾಗದಲ್ಲಿ ಕೆಂಪು ಗುಳ್ಳೆಗಳೂ ನಂತರ ಕಪ್ಪು ಕಲೆಗಳೂ ಮೂಡುವುದು ಹೀಗೆ. ಇವು ನೋಡಲು ಮೊಡವೆಯಂತಿದ್ದರೂ ಮೊಡವೆಯಲ್ಲ. ಕಾಲು, ಕಂಕುಳಿನ ಕೂದಲು ತೆಗೆಯುವ ಮಹಿಳೆಯರಿಗೂ ಇದೇ ತೊಂದರೆ ಕಾಡುತ್ತದೆ.

ಔಷಧ ಅಂಗಡಿಯ ಟ್ಯೂಬು

ಅಪಾಯ ಆರಂಭವಾಗುವುದು ಇಲ್ಲಿಂದ. ಗುಳ್ಳೆ ಕಂಡ ವ್ಯಕ್ತಿ ಚರ್ಮವೈದ್ಯರ ಬಳಿ ಹೋಗುವ ಬದಲು ಬೀದಿ ತಿರುವಿನ ಔಷಧ ಅಂಗಡಿಗೆ ಹೋಗಿ 'ಮುಖಕ್ಕೆ ಏನಾದರೂ ಕೊಡಿ' ಎನ್ನುತ್ತಾನೆ. ಕೈಗೆ ಬರುವ ಟ್ಯೂಬಿನಲ್ಲಿ ಬಹಳಷ್ಟು ಸಲ ಸ್ಟೀರಾಯ್ಡ್ ಇರುತ್ತದೆ. ಎರಡೇ ದಿನಗಳಲ್ಲಿ ಕೆಂಪು ಇಳಿಯುತ್ತದೆ, ಮುಖ ತಿಳಿಯಾದಂತೆ ಕಾಣುತ್ತದೆ. ಇದರಿಂದ ಉತ್ತೇಜಿತನಾದವನು ಅದನ್ನೇ ದಿನವೂ ಹಚ್ಚತೊಡಗುತ್ತಾನೆ.

ಇದು ಊಹೆಯ ಮಾತಲ್ಲ. ಭಾರತದ ಚರ್ಮವೈದ್ಯರು ದೇಶದ ಹಲವು ಕೇಂದ್ರಗಳಲ್ಲಿ ನಡೆಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಮುಖದ ಚರ್ಮದ ತೊಂದರೆಯಿಂದ ಬಂದಿದ್ದ 2,926 ರೋಗಿಗಳನ್ನು ಪರೀಕ್ಷಿಸಲಾಗಿತ್ತು. ಅವರಲ್ಲಿ 433 ಮಂದಿ ಮುಖಕ್ಕೆ ಸ್ಟೀರಾಯ್ಡ್ ಹಚ್ಚುತ್ತಿದ್ದರು. ಈ 433 ಮಂದಿಯ ಪೈಕಿ 126 ಮಂದಿ ಅದನ್ನು ಬಿಳುಪಿನ ಕ್ರೀಮ್, ಸಾಮಾನ್ಯ ಕ್ರೀಮ್ ಅಥವಾ ಆಫ್ಟರ್ ಶೇವ್‌ನಂತೆ ಬಳಸುತ್ತಿದ್ದರು. 257 ಮಂದಿಗೆ ಆ ಸಲಹೆ ಬಂದದ್ದು ವೈದ್ಯರಲ್ಲದವರಿಂದ. ಶೇಕಡಾವಾರು ಲೆಕ್ಕದಲ್ಲಿ ಇದು 59ಕ್ಕೂ ಹೆಚ್ಚು.

ದೀರ್ಘಕಾಲ ಸ್ಟೀರಾಯ್ಡ್ ಹಚ್ಚಿದ ಮುಖದ ಚರ್ಮ ತೆಳುವಾಗುತ್ತದೆ, ರಕ್ತನಾಳಗಳು ಎದ್ದು ಕಾಣುತ್ತವೆ, ಮೊಡವೆ ಹೆಚ್ಚುತ್ತದೆ. ಬಿಟ್ಟರೆ ಉರಿ ಮೊದಲಿಗಿಂತ ಜೋರಾಗಿ ಮರುಕಳಿಸುವುದರಿಂದ ರೋಗಿ ಮತ್ತೆ ಅದೇ ಟ್ಯೂಬಿನ ಮೊರೆ ಹೋಗುತ್ತಾನೆ. ಚರ್ಮವೈದ್ಯರ ಸಂಘಟನೆಯ ನಿರಂತರ ಒತ್ತಾಯದ ನಂತರ ಕೇಂದ್ರ ಆರೋಗ್ಯ ಸಚಿವಾಲಯವು 2018ರಲ್ಲಿ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು 'ಎಚ್' ಅನುಸೂಚಿಗೆ ಸೇರಿಸಿತು. ವೈದ್ಯರ ಚೀಟಿ ಇಲ್ಲದೆ ಅವುಗಳನ್ನು ಮಾರುವಂತಿಲ್ಲ ಎಂಬುದು ಇದರ ಅರ್ಥ. ನಿಯಮ ಕಾಗದದ ಮೇಲಿದೆ. ಆದರೆ ಅಂಗಡಿಯ ಕಟ್ಟೆಯ ಮೇಲೆ ಚೀಟಿ ಕೇಳುವ ಪರಿಪಾಠ ಇನ್ನೂ ಗಟ್ಟಿಯಾಗಿ ಬೇರೂರಿಲ್ಲ.

ನೌಕರಿಯ ಪ್ರಶ್ನೆಯೂ ಹೌದು

ಗಡ್ಡ ಬೋಳಿಸದಿದ್ದರೆ ತೊಂದರೆಯೇ ಇಲ್ಲವಲ್ಲ ಎಂದು ಯಾರಾದರೂ ಕೇಳಬಹುದು. ಪೊಲೀಸ್, ಸೇನೆ, ಭದ್ರತಾ ಸಿಬ್ಬಂದಿ, ಹೋಟೆಲ್ ಸ್ವಾಗತಕಾರರಂಥ ನೌಕರರಿಗೆ ಆ ಸ್ವಾತಂತ್ರ್ಯ ಕಡಿಮೆ. ಅಮೆರಿಕದ ಸೇನೆಯಲ್ಲಿ ಇದೇ ವಿಷಯ ದೊಡ್ಡ ವಿವಾದವಾಗಿದೆ. ಒಳಬೆಳೆಯುವ ಕೂದಲಿನ ತೊಂದರೆ ಇದ್ದವರಿಗೆ ವೈದ್ಯರ ಸಲಹೆಯ ಮೇರೆಗೆ ಗಡ್ಡ ಬಿಡಲು ಅಲ್ಲಿ ವಿನಾಯಿತಿ ಸಿಗುತ್ತಿತ್ತು. 2025ರ ಆಗಸ್ಟ್‌ನಲ್ಲಿ ರಕ್ಷಣಾ ಕಾರ್ಯದರ್ಶಿ ಪೀಟ್ ಹೆಗ್ಸೆತ್ ಹೊರಡಿಸಿದ ಆದೇಶವು ಒಂದು ವರ್ಷದ ಚಿಕಿತ್ಸೆಯ ನಂತರವೂ ವಿನಾಯಿತಿ ಬೇಕಾಗುವವರನ್ನು ಸೇವೆಯಿಂದ ಬಿಡುಗಡೆ ಮಾಡುವ ಪ್ರಕ್ರಿಯೆಗೆ ದಾರಿ ಮಾಡಿತು. ಈ ತೊಂದರೆ ಕಪ್ಪುವರ್ಣೀಯ ಪುರುಷರಲ್ಲಿಯೇ ಅತಿ ಹೆಚ್ಚಾಗಿರುವುದರಿಂದ ಏಟು ಯಾರಿಗೆ ಬೀಳುತ್ತದೆ ಎಂಬ ಪ್ರಶ್ನೆ ಎದ್ದಿದೆ. ಕೂದಲಿನ ಬಾಗು ಹುಟ್ಟಿನಿಂದ ಬಂದದ್ದು, ಶಿಸ್ತಿನ ಕೊರತೆಯಲ್ಲ. ಗಡ್ಡದ ಗುಳ್ಳೆ ಬರೀ ಸೌಂದರ್ಯದ ವಿಷಯವಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

ಬಳಕೆದಾರ ಮಾಡಬಹುದಾದದ್ದು

ಚರ್ಮವೈದ್ಯಶಾಸ್ತ್ರದ ಸಲಹೆಗಳು ಸರಳವಾಗಿವೆ, ಅಗ್ಗವೂ ಆಗಿವೆ. ಸ್ನಾನದ ನಂತರ ಅಥವಾ ಬಿಸಿನೀರಿನ ಬಟ್ಟೆಯನ್ನು ಕೆಲವು ನಿಮಿಷ ಒತ್ತಿ ಹಿಡಿದ ನಂತರ ಕ್ಷೌರ ಮಾಡಿದರೆ ಕೂದಲು ಮೆದುವಾಗಿ ಸುಲಭವಾಗಿ ಕತ್ತರಿಸುತ್ತದೆ. ಕೂದಲು ಬೆಳೆದ ದಿಕ್ಕಿನಲ್ಲಿಯೇ, ಚರ್ಮ ಎಳೆಯದೆ, ಹರಿತವಾದ ಬ್ಲೇಡಿನಿಂದ ಹಗುರವಾಗಿ ಬೋಳಿಸಬೇಕು. ಒಂದೇ ಜಾಗಕ್ಕೆ ಪದೇ ಪದೇ ಬ್ಲೇಡು ಹಾಯಿಸಬಾರದು. ಗುಳ್ಳೆ ಕಾಡುವವರು ಸುಮಾರು 1 ಮಿಲಿಮೀಟರ್ ಕೂದಲು ಉಳಿಸುವ ಟ್ರಿಮ್ಮರ್ ಬಳಸುವುದು ಲೇಸು.

ನಂತರ ತಣ್ಣೀರಿನಿಂದ ತೊಳೆದು, ಉಜ್ಜದೆ ಬಟ್ಟೆಯಿಂದ ಒತ್ತಿ, ಮುಖ ಇನ್ನೂ ಹಸಿಯಾಗಿರುವಾಗಲೇ ಸುವಾಸನೆಯಿಲ್ಲದ ಮಾಯಿಶ್ಚರೈಸರ್ ಹಚ್ಚಬೇಕು. ಗ್ಲಿಸರಿನ್, ಸೆರಮೈಡ್ ಇರುವ ಕ್ರೀಮುಗಳು ಒಣ ಚರ್ಮಕ್ಕೆ ಒಗ್ಗುತ್ತವೆ. ಮದ್ಯಸಾರವಿಲ್ಲದ ಆಫ್ಟರ್ ಶೇವ್ ಬಾಮ್‌ಗಳೂ ಮಾರುಕಟ್ಟೆಯಲ್ಲಿವೆ. ಖರೀದಿಸುವಾಗ ಲೇಬಲ್ ಓದುವುದು ಅವಶ್ಯ. ಪದಾರ್ಥಗಳ ಪಟ್ಟಿಯ ಆರಂಭದಲ್ಲಿಯೇ 'ಆಲ್ಕೋಹಾಲ್' ಅಥವಾ 'ಡಿನೇಚರ್ಡ್ ಆಲ್ಕೋಹಾಲ್' ಎಂದಿದ್ದರೆ ಒಣ ಚರ್ಮದವರಿಗೆ ಅದು ತಕ್ಕುದಲ್ಲ. 'ಸೀಟೈಲ್' ಅಥವಾ 'ಸ್ಟಿಯರೈಲ್ ಆಲ್ಕೋಹಾಲ್' ಎಂಬ ಹೆಸರು ಕಂಡು ಹೆದರಬೇಕಿಲ್ಲ. ಇವು ಮೇಣದಂಥ ವಸ್ತುಗಳು, ಚರ್ಮವನ್ನು ಒಣಗಿಸುವುದಿಲ್ಲ. ಮನೆಯ ಕೊಬ್ಬರಿ ಎಣ್ಣೆಯ ಒಂದೆರಡು ಹನಿ ಒಣ ಚರ್ಮಕ್ಕೆ ಆಗಬಹುದು. ಆದರೆ ಜಿಡ್ಡು ಮುಖದವರಿಗೆ, ಮೊಡವೆ ಏಳುವವರಿಗೆ ಅದು ಹೇಳಿಸಿದ್ದಲ್ಲ.

ಒಳಬೆಳೆದ ಕೂದಲನ್ನು ಸೂಜಿ, ಚಿಮುಟಗಳಿಂದ ಅಗೆದು ತೆಗೆಯುವುದು ಕಲೆಗೂ ಕೀವಿಗೂ ದಾರಿ. ಕೆಲವು ವಾರ ಕ್ಷೌರ ನಿಲ್ಲಿಸಿದರೆ ಹೆಚ್ಚಿನ ಕೂದಲುಗಳು ಉದ್ದವಾದಂತೆ ತಾವಾಗಿಯೇ ಹೊರಬರುತ್ತವೆ. ಸ್ಯಾಲಿಸಿಲಿಕ್ ಅಥವಾ ಗ್ಲೈಕಾಲಿಕ್ ಆಮ್ಲದ ಲೋಷನ್‌ಗಳು ನೆರವಾಗುತ್ತವೆ. ಆದರೆ ಒಣ ಚರ್ಮದವರು ಅವನ್ನು ಮಿತವಾಗಿ, ಕ್ಷೌರವಿಲ್ಲದ ದಿನಗಳಲ್ಲಿ ಬಳಸುವುದು ಒಳ್ಳೆಯದು. ಮತ್ತೆ ಮತ್ತೆ ಕಾಡಿದರೆ ಲೇಸರ್ ಚಿಕಿತ್ಸೆಯ ಆಯ್ಕೆಯೂ ಇದೆ. ಬೀಟಾಮೆಥಾಸೋನ್, ಕ್ಲೊಬೆಟಾಸೋಲ್, ಮೊಮೆಟಾಸೋನ್ ಎಂಬ ಹೆಸರುಗಳು ಟ್ಯೂಬಿನ ಮೇಲಿದ್ದರೆ ವೈದ್ಯರು ಹೇಳದೆ ಮುಖಕ್ಕೆ ಮುಟ್ಟಿಸಬಾರದು. ಈಗಾಗಲೇ ತಿಂಗಳುಗಟ್ಟಲೆ ಹಚ್ಚಿದವರು ಚರ್ಮವೈದ್ಯರ ಸಲಹೆಯಂತೆಯೇ ಬಿಡುವುದು ಕ್ಷೇಮ.

ಮಂಡಳಿಯ ಮುಂದಿರುವ ದಾರಿ

ಬಾಟಲಿಯ ಮೇಲಿನ ಹೆಸರಿನಿಂದ ತೆರಿಗೆ ಬದಲಾಗುವ ಸಮಸ್ಯೆ ಹೊಸದೇನಲ್ಲ. ಸಣ್ಣ ಬಾಟಲಿಯ ಶುದ್ಧ ಕೊಬ್ಬರಿ ಎಣ್ಣೆ ಅಡುಗೆಯದೋ ತಲೆಗೆ ಹಚ್ಚುವುದೋ ಎಂಬ ವ್ಯಾಜ್ಯ ಸುಪ್ರೀಂ ಕೋರ್ಟ್‌ವರೆಗೆ ಹೋಗಿ, 2024ರ ಡಿಸೆಂಬರ್‌ನಲ್ಲಷ್ಟೇ ಇತ್ಯರ್ಥವಾಯಿತು. ಅದನ್ನು ಖಾದ್ಯ ತೈಲವೆಂದು ಪರಿಗಣಿಸಬಹುದು ಎಂದು ನ್ಯಾಯಾಲಯ ಹೇಳಿತು. 2025ರ ಪರಿಷ್ಕರಣೆಯಲ್ಲಿ ತಲೆಗೂದಲಿನ ಎಣ್ಣೆಯೂ ಶೇ 5ಕ್ಕೆ ಇಳಿದದ್ದರಿಂದ ಆ ಜಗಳಕ್ಕೇ ಅರ್ಥವಿಲ್ಲದಂತಾಯಿತು. ಮಾಯಿಶ್ಚರೈಸರ್ ವಿಷಯದಲ್ಲಿಯೂ ಇಂಥದೇ ನಿರ್ಧಾರ ಸಾಧ್ಯ.

ವರಮಾನ ಖೋತಾ ಆಗುತ್ತದೆ ಎಂಬ ಆಕ್ಷೇಪ ಬರುವುದು ಸಹಜ. ದರ ಇಳಿಕೆಯ ಸಂದರ್ಭದಲ್ಲಿ ಕರ್ನಾಟಕ ಸೇರಿದಂತೆ ಕೆಲವು ರಾಜ್ಯಗಳು ತಮ್ಮ ಬೊಕ್ಕಸಕ್ಕೆ ಬೀಳುವ ಹೊಡೆತದ ಬಗ್ಗೆ ಆತಂಕ ವ್ಯಕ್ತಪಡಿಸಿದ್ದವು. ಅದನ್ನು ತಳ್ಳಿಹಾಕುವಂತಿಲ್ಲ. ದುಬಾರಿ ಸೌಂದರ್ಯ ಸಾಧನಗಳಿಗೂ ರಿಯಾಯಿತಿ ಕೊಡಿ ಎಂದು ಯಾರೂ ಕೇಳುತ್ತಿಲ್ಲ. ಸುವಾಸನೆಯಿಲ್ಲದ, ಬಣ್ಣವಿಲ್ಲದ ಸಾದಾ ಮಾಯಿಶ್ಚರೈಸರ್‌ಗಳನ್ನು ಪ್ರತ್ಯೇಕವಾಗಿ ಗುರುತಿಸಿ ಶೇ 5ರ ಪಟ್ಟಿಗೆ ಸೇರಿಸಿದರೆ ಸಾಕು. ತೆರಿಗೆ ಬಿಟ್ಟು 300 ರೂಪಾಯಿಯ ಕ್ರೀಮಿನ ಮೇಲೆ ಇಂದಿನ ತೆರಿಗೆ 54 ರೂಪಾಯಿ. ಶೇ 5 ಆದರೆ 15 ರೂಪಾಯಿ. ಇಸುಬು, ಸೋರಿಯಾಸಿಸ್‌ನಂಥ ಕಾಯಿಲೆಯಿಂದ ವರ್ಷವಿಡೀ ಇದನ್ನೇ ಹಚ್ಚಬೇಕಾದವರಿಗೆ ಈ 39 ರೂಪಾಯಿ ಸಣ್ಣ ಮೊತ್ತವಲ್ಲ.

ಎರಡನೆಯ ಕೆಲಸ ರಾಜ್ಯದ ಔಷಧ ನಿಯಂತ್ರಣಾಧಿಕಾರಿಗಳದು. ಸ್ಟೀರಾಯ್ಡ್ ಮುಲಾಮು ಚೀಟಿಯಿಲ್ಲದೆ ಮಾರಾಟವಾಗದಂತೆ ನೋಡಿಕೊಳ್ಳಲು ಹೊಸ ಕಾನೂನು ಬೇಕಿಲ್ಲ, 2018ರದ್ದನ್ನು ಜಾರಿ ಮಾಡಿದರೆ ಸಾಕು. ಸಾದಾ ಕ್ರೀಮು ಅಗ್ಗವಾಗಿ, ಸ್ಟೀರಾಯ್ಡ್ ಟ್ಯೂಬು ಕೈಗೆಟುಕದಂತಾದರೆ ಬೆಳಗಿನ ಕ್ಷೌರದ ನಂತರ ಏನು ಹಚ್ಚಬೇಕೆಂಬ ಆಯ್ಕೆ ತಾನಾಗಿ ಸರಿಯಾಗುತ್ತದೆ. ಮಂಡಳಿಯ ಮುಂದಿನ ಸಭೆಗಳಲ್ಲಿ ರಾಜ್ಯದ ಪ್ರತಿನಿಧಿಗಳು ಈ ಸಣ್ಣ ತಿದ್ದುಪಡಿಯನ್ನು ಪ್ರಸ್ತಾಪಿಸುವರೇ ಎಂಬುದನ್ನು ಕಾದು ನೋಡಬೇಕಾಗಿದೆ.