ಶಸ್ತ್ರವೂ ಸಮ್ಮತಿಯೂ

ಗಂಡಾಗಿ ಹುಟ್ಟಿದವರು ಹೆಣ್ಣಾಗಬೇಕೆಂದು, ಹೆಣ್ಣಾಗಿ ಹುಟ್ಟಿದವರು ಗಂಡಾಗಬೇಕೆಂದು ಶಸ್ತ್ರಚಿಕಿತ್ಸೆಗೆ ದೇಹವನ್ನೊಡ್ಡುವುದು ಸೃಷ್ಟಿನಿಯಮಕ್ಕೆ ವಿರುದ್ಧವಾದ ಕೃತ್ಯವೆಂದೂ, ಇದನ್ನು ಮಠಗಳು ಬಹಿರಂಗವಾಗಿ ಖಂಡಿಸದಿದ್ದರೆ ಸಮಾಜಕ್ಕೆ ದಾರಿ ತೋರುವವರು ಯಾರೆಂದೂ ಸದ್ಭಕ್ತರಲ್ಲಿ ಕೆಲವರು ಕೇಳುವುದುಂಟು. ಖಂಡಿಸಬೇಕಾದದ್ದು ಈ ವಿಷಯದಲ್ಲಿ ಸಾಕಷ್ಟಿದೆ. ಆದರೆ ಅದು ಅವರು ಬೆರಳು ತೋರಿಸುವ ಕಡೆಯಲ್ಲಿಲ್ಲ. ವಯಸ್ಸಿಗೆ ಬಂದ, ಬುದ್ಧಿ ಸ್ಥಿಮಿತದಲ್ಲಿರುವ ವ್ಯಕ್ತಿ ತನ್ನ ದೇಹದ ಮೇಲೆ ನಡೆಯುವ ಚಿಕಿತ್ಸೆಯ ಸ್ವರೂಪ, ಫಲ, ಅಪಾಯಗಳನ್ನು ಪೂರ್ಣವಾಗಿ ತಿಳಿದು, ತೂಗಿ ನೋಡಿ ಒಪ್ಪಿದ ಮೇಲೆ ಆ ಒಪ್ಪಿಗೆಯನ್ನು ತಳ್ಳಿಹಾಕುವ ಅಧಿಕಾರ ಬೇರೊಬ್ಬರಿಗಿಲ್ಲ. ಅದಕ್ಕೆ ಅಡ್ಡ ನಿಲ್ಲುವವರು ಹೇಗೆ ತಪ್ಪಿತಸ್ಥರೋ, ಏನನ್ನೂ ತಿಳಿಸದೆ ಕತ್ತಿ ಹಿಡಿಯುವವರೂ ಹಾಗೆಯೇ ತಪ್ಪಿತಸ್ಥರು. ಇದು ನಮ್ಮ ನಿಲುವು. ಇದಕ್ಕೆ ಕಾರಣಗಳನ್ನು ಕೊಡುವುದು ನಮ್ಮ ಹೊಣೆ.

ಸಿರಿಗೆರೆಯ ಸದ್ಧರ್ಮ ನ್ಯಾಯಪೀಠದ ಪದ್ಧತಿಯನ್ನು ಬಲ್ಲ ಭಕ್ತರಿಗೆ ಒಂದು ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ವಾದಿಯ ಮಾತನ್ನೂ ಪ್ರತಿವಾದಿಯ ಮಾತನ್ನೂ ಕೇಳದೆ ಅಲ್ಲಿ ಯಾವ ವ್ಯಾಜ್ಯವೂ ತೀರ್ಮಾನವಾಗುವುದಿಲ್ಲ. ಒಂದು ಗೇಣು ಬದುವಿನ ಜಗಳಕ್ಕೆ ಇಷ್ಟು ತಾಳ್ಮೆ ತೋರುವ ಜನ, ಒಬ್ಬ ಮನುಷ್ಯನ ಇಡೀ ಬಾಳಿನ ಪ್ರಶ್ನೆ ಬಂದಾಗ ಮಾತ್ರ ಆತನನ್ನು ಅಥವಾ ಆಕೆಯನ್ನು ಒಮ್ಮೆಯೂ ವಿಚಾರಿಸದೆ ತೀರ್ಪು ಕೊಡುವುದು ಯಾವ ನ್ಯಾಯ?

ಈ ಜನ ನಿನ್ನೆ ಮೊನ್ನೆ ಹುಟ್ಟಿಕೊಂಡವರಲ್ಲ. ನಮ್ಮ ಬಳ್ಳಾರಿ, ಕೊಪ್ಪಳ ಸೀಮೆಗಳಲ್ಲಿ ಹುಲಿಗೆಮ್ಮನ, ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡು ಸೀರೆಯುಟ್ಟು ಬಾಳುವ ಜೋಗಪ್ಪಂದಿರನ್ನು ತಲೆತಲಾಂತರದಿಂದ ಕಂಡಿದ್ದೇವೆ. ಅವರಲ್ಲೊಬ್ಬರಾದ ಮಂಜಮ್ಮ ಜೋಗತಿಯವರು ೨೦೧೯ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, ೨೦೨೧ರಲ್ಲಿ ಪದ್ಮಶ್ರೀ ಪಡೆದರು. ಜೋಗಪ್ಪಂದಿರ ಸಂಪ್ರದಾಯದಲ್ಲಿ ಅಂಗಚ್ಛೇದನದ ವಿಧಿ ಇಲ್ಲ. ಹಿಜಡಾ ಸಮುದಾಯದಲ್ಲಿ ಅದು ಇದೆ. ಅದಕ್ಕೆ ಅವರು ನಿರ್ವಾಣವೆಂದು ಹೆಸರಿಟ್ಟಿದ್ದಾರೆ. ಹೀಗೆ ಶಸ್ತ್ರಚಿಕಿತ್ಸೆ ಬೇಕೆನ್ನುವವರೂ ಬೇಡವೆನ್ನುವವರೂ ಈ ಜನರಲ್ಲಿ ಮೊದಲಿನಿಂದ ಇದ್ದಾರೆ. ಎಲ್ಲರನ್ನೂ ಒಂದೇ ಹಗ್ಗದಲ್ಲಿ ಕಟ್ಟುವ ನಿಯಮ, ಅದು ಕಡ್ಡಾಯದ್ದಾಗಲಿ ನಿಷೇಧದ್ದಾಗಲಿ, ಈ ಕಾರಣದಿಂದಲೇ ತಪ್ಪುತ್ತದೆ.

ಕಾನೂನು ಇವರನ್ನು ಹೇಗೆ ನೋಡಿತು? ೧೮೭೧ರಲ್ಲಿ ಬ್ರಿಟಿಷ್ ಸರ್ಕಾರ ಅಪರಾಧಿ ಬುಡಕಟ್ಟುಗಳ ಕಾಯಿದೆಯನ್ನು ಮಾಡಿದಾಗ ಅದರ ಎರಡನೆಯ ಭಾಗವನ್ನು ಇವರ ಹೆಸರು ದಾಖಲಿಸಿ ಕಾವಲಿಡುವುದಕ್ಕೆಂದೇ ಮೀಸಲಿಟ್ಟಿತು. ಪುರುಷತ್ವ ಹರಣವು ೧೮೬೦ರ ದಂಡಸಂಹಿತೆಯ ತೀವ್ರ ಗಾಯಗಳ ಪಟ್ಟಿಯಲ್ಲಿ ಮೊದಲನೆಯದು. ಆದರೆ ವ್ಯಕ್ತಿಯ ಹಿತಕ್ಕಾಗಿ, ಸದುದ್ದೇಶದಿಂದ, ಆತನ ಒಪ್ಪಿಗೆ ಪಡೆದು ಮಾಡಿದ ಚಿಕಿತ್ಸೆ ಅಪರಾಧವಲ್ಲವೆಂದು ಅದೇ ಸಂಹಿತೆ ಹೇಳಿತು. ಈಗಿನ ಭಾರತೀಯ ನ್ಯಾಯ ಸಂಹಿತೆಯೂ ಈ ಎರಡು ಮಾತನ್ನು ಉಳಿಸಿಕೊಂಡಿದೆ. ಅಂದರೆ, ಒಂದೇ ಕೃತ್ಯವನ್ನು ಘೋರ ಅಪರಾಧದಿಂದ ಚಿಕಿತ್ಸೆಗೆ ದಾಟಿಸುವ ಸೇತುವೆಯಲ್ಲಿ ಒಪ್ಪಿಗೆಯೇ ಮುಖ್ಯ ಕಂಬ. ಹಾಗಿದ್ದೂ ಅಂಜಿಕೆಯಿಂದ ಹಿಂದೆ ಸರಿದ ವೈದ್ಯರೇ ಹೆಚ್ಚು. ಸಂಭಾವಿತ ಆಸ್ಪತ್ರೆಗಳ ಬಾಗಿಲು ಮುಚ್ಚಿದಾಗ ಈ ಜನ ಹಿಂಬಾಗಿಲುಗಳನ್ನು ಹುಡುಕಿಕೊಂಡು ಹೋದರು. ಬೆಂಗಳೂರಿನಲ್ಲಿ ಬಹುಕಾಲ ದುಡಿದ ಎ. ರೇವತಿಯವರು ತಮ್ಮ ಆತ್ಮಕಥೆಯಲ್ಲಿ (ಅದನ್ನು ದು. ಸರಸ್ವತಿಯವರು 'ಬದುಕು ಬಯಲು' ಎಂದು ಕನ್ನಡಕ್ಕೆ ತಂದಿದ್ದಾರೆ) ತಾವು ಪಟ್ಟ ಶಸ್ತ್ರಚಿಕಿತ್ಸೆಯ ಪಾಡನ್ನು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ನಿಷೇಧವು ಶಸ್ತ್ರಚಿಕಿತ್ಸೆಯನ್ನು ನಿಲ್ಲಿಸುವುದಿಲ್ಲ. ಅದನ್ನು ಕತ್ತಲೆಗೆ ತಳ್ಳುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಇನ್ನು ಒಪ್ಪಿಗೆ ಎಂದರೇನು? ಆಸ್ಪತ್ರೆಯ ಅಚ್ಚಿನ ಹಾಳೆಯ ಮೇಲೆ ಬಿದ್ದ ಸಹಿಯೇ ಒಪ್ಪಿಗೆಯೆಂದು ಅನೇಕರು ತಿಳಿದಿದ್ದಾರೆ. ೨೦೦೮ರ ಜನವರಿಯಲ್ಲಿ ಸಮೀರಾ ಕೊಹ್ಲಿಯವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ಈ ಭ್ರಮೆಯನ್ನು ಕಳೆಯಿತು. ತೀರ್ಪನ್ನು ಬರೆದವರು ನಮ್ಮ ಕರ್ನಾಟಕ ಉಚ್ಚ ನ್ಯಾಯಾಲಯದಿಂದ ಹೋದ ನ್ಯಾಯಮೂರ್ತಿ ಆರ್. ವಿ. ರವೀಂದ್ರನ್ ಅವರು. ಕೇವಲ ಪರೀಕ್ಷೆಗೆಂದು ಅರಿವಳಿಕೆ ಪಡೆದು ಮಲಗಿದ್ದ ೪೪ ವರ್ಷದ ಅವಿವಾಹಿತ ಮಹಿಳೆಯ ಗರ್ಭಕೋಶವನ್ನೂ ಅಂಡಾಶಯಗಳನ್ನೂ, ಹೊರಗೆ ಕುಳಿತಿದ್ದ ತಾಯಿಯ ಒಪ್ಪಿಗೆ ಪಡೆದು ವೈದ್ಯರು ತೆಗೆದುಹಾಕಿದ್ದರು. ಪ್ರಾಪ್ತ ವಯಸ್ಕಳಾದ ಮಗಳ ಬದಲಿಗೆ ತಾಯಿ ಒಪ್ಪಲಾಗದು, ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಚಿಕಿತ್ಸೆಗೆ ಸಲ್ಲದು ಎಂದು ನ್ಯಾಯಾಲಯ ತೀರ್ಮಾನಿಸಿತು. ಚಿಕಿತ್ಸೆ ಎಂತಹದು, ಏಕೆ, ಅದರಿಂದ ಒದಗುವ ಫಲವೇನು, ಬೇರೆ ದಾರಿಗಳಿವೆಯೇ, ಮುಖ್ಯ ಅಪಾಯಗಳಾವುವು, ಬೇಡವೆಂದರೆ ಏನಾಗುತ್ತದೆ ಎಂಬಿಷ್ಟನ್ನು ರೋಗಿಗೆ ತಿಳಿಸಿ ಪಡೆದದ್ದೇ ನಿಜವಾದ ಒಪ್ಪಿಗೆ ಎಂಬುದು ಆ ತೀರ್ಪಿನ ಸಾರ.

ಈ ಅಳತೆಗೋಲನ್ನು ನಮ್ಮ ನಾಡಿನ ಆಚರಣೆಗೆ ಹಿಡಿದು ನೋಡಿರಿ. ಸಂತಾನಹರಣ ಶಸ್ತ್ರಚಿಕಿತ್ಸೆ ಆರೋಗ್ಯವಂತ ದೇಹದ ಮೇಲೆ ನಡೆಯುವಂಥದು. ಸಂತಾನಶಕ್ತಿಯನ್ನು ಬಹುಮಟ್ಟಿಗೆ ಶಾಶ್ವತವಾಗಿ ಕಳೆಯುವಂಥದು. ನಮ್ಮ ಹಳ್ಳಿಗಳ ಲಕ್ಷಾಂತರ ತಾಯಂದಿರು ಅದನ್ನು ಮಾಡಿಸಿಕೊಂಡಿದ್ದಾರೆ. ಮನೋವೈದ್ಯರ ಪತ್ರ ತನ್ನಿರೆಂದು ಅವರನ್ನು ಯಾರೂ ಕೇಳಲಿಲ್ಲ. ಅದೇ ಶಸ್ತ್ರಚಿಕಿತ್ಸೆಯನ್ನು ೧೯೭೫-೭೭ರ ತುರ್ತು ಪರಿಸ್ಥಿತಿಯಲ್ಲಿ ಬಲವಂತದಿಂದ ಮಾಡಿದಾಗ ದೇಶವೇ ಸಿಡಿದೆದ್ದಿತು. ಶಸ್ತ್ರ ಅದೇ, ಅಂಗ ಅದೇ. ಬದಲಾದದ್ದು ಒಪ್ಪಿಗೆಯೊಂದೇ. ಇನ್ನು ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ, ನಮಗೆ ಹತ್ತಿರದ ರಾಣೆಬೆನ್ನೂರು ಸೀಮೆಯಲ್ಲಿ ಬಡ ಹೆಂಗಸರ ಗರ್ಭಕೋಶಗಳನ್ನು ಅಗತ್ಯವಿಲ್ಲದೆ ತೆಗೆದರೆಂಬ ದೂರು ಎದ್ದು, ಆ ಹೆಂಗಸರೇ ಬೀದಿಗಿಳಿದು ನ್ಯಾಯ ಕೇಳಬೇಕಾಯಿತು. ಬಿಹಾರ, ಛತ್ತೀಸಗಢ, ರಾಜಸ್ಥಾನಗಳ ಇಂತಹುದೇ ದೂರಿನ ಮೇಲೆ ೨೦೨೩ರ ಏಪ್ರಿಲಿನಲ್ಲಿ ಸರ್ವೋಚ್ಚ ನ್ಯಾಯಾಲಯ ಎಲ್ಲ ರಾಜ್ಯಗಳಿಗೂ ಮಾರ್ಗಸೂಚಿ ಪಾಲಿಸುವಂತೆ ಆದೇಶಿಸಿತು. ಕೂಲಿಯ ಹೆಂಗಸಿನ ಗರ್ಭಕೋಶಕ್ಕೆ ಒಂದು ಹೆಬ್ಬೆಟ್ಟು ಸಾಕು. ತಿಳಿದು ಬೇಡುವ ತೃತೀಯಲಿಂಗಿಗೆ ನೂರು ಪ್ರಮಾಣಪತ್ರಗಳೂ ಸಾಲವು! ಸೃಷ್ಟಿನಿಯಮದ ಮೇಲೆ ಇಷ್ಟೊಂದು ಅಭಿಮಾನವುಳ್ಳವರು ಆ ತಾಂಡಾಗಳ ಹೆಂಗಸರ ಪರವಾಗಿ ಎಂದಾದರೂ ಬಾಯಿ ತೆರೆದರೇ?

ಅಡ್ಡ ನಿಲ್ಲುವವರಲ್ಲಿ ಮನೆಯವರೇ ಮೊದಲಿಗರು. ಹೊಡೆಯುವುದು, ಕೂಡಿಹಾಕುವುದು, ಹರಕೆ ಹೊರುವುದು, ಬಲವಂತದ ಮದುವೆ ಮಾಡಿ ಇನ್ನೊಂದು ಜೀವವನ್ನೂ ಹಾಳು ಮಾಡುವುದು ಇವೆಲ್ಲ ನಮ್ಮವರ ಮನೆಗಳಲ್ಲೂ ನಡೆದಿವೆ. ಮನಸ್ಸನ್ನು ತಿರುಗಿಸುತ್ತೇವೆಂದು ಹಣ ಪಡೆಯುವ ವೈದ್ಯರೂ ಇದ್ದರು. ಅಂತಹ ಪರಿವರ್ತನಾ ಚಿಕಿತ್ಸೆಯನ್ನು ೨೦೨೨ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ವೃತ್ತಿಯ ದುರ್ನಡತೆಯೆಂದು ಸಾರಿತು. ವಿಶ್ವ ಆರೋಗ್ಯ ಸಂಸ್ಥೆಯೂ ೨೦೧೯ರಲ್ಲಿ ಒಪ್ಪಿದ ತನ್ನ ರೋಗಪಟ್ಟಿಯಲ್ಲಿ ಈ ಸ್ಥಿತಿಯನ್ನು ಮಾನಸಿಕ ವ್ಯಾಧಿಗಳ ಗುಂಪಿನಿಂದ ಹೊರತೆಗೆಯಿತು. ಮನೋವೈದ್ಯರ ನೆರವು ಬೇಡವೆಂದು ನಾವು ಹೇಳುತ್ತಿಲ್ಲ. ಖಿನ್ನತೆಯಿದ್ದರೆ ಗುರುತಿಸಲಿ, ಗೊಂದಲವಿದ್ದರೆ ಬಿಡಿಸಲಿ. ಆದರೆ ಆತ ಜೊತೆಗಾರನಾಗಬೇಕು, ಬಾಗಿಲ ಕಾವಲುಗಾರನಾಗಬಾರದು. ಕಾವಲುಗಾರನ ಮುಂದೆ ನಿಂತವರು ತಮ್ಮ ಸಂದೇಹಗಳನ್ನು ಮುಚ್ಚಿಟ್ಟು, ಆತನಿಗೆ ಬೇಕಾದ ಉತ್ತರವನ್ನೇ ಕಂಠಪಾಠ ಮಾಡಿ ಒಪ್ಪಿಸುತ್ತಾರೆ. ಹೀಗೆ, ಅತಿಯಾದ ಪರೀಕ್ಷೆಯೇ ಪ್ರಾಮಾಣಿಕವಾದ ತೂಗುವಿಕೆಗೆ ಶತ್ರುವಾಗುತ್ತದೆ.

ಇನ್ನೊಂದು ಪಕ್ಷದವರಿಗೂ ನಾಲ್ಕು ಮಾತು ಹೇಳಬೇಕಾಗಿದೆ. ದುಷ್ಪರಿಣಾಮಗಳನ್ನು ಎತ್ತಿ ಆಡಿದರೆ ವಿರೋಧಿಗಳಿಗೆ ಅಸ್ತ್ರ ಕೊಟ್ಟಂತಾಗುತ್ತದೆ, ಆದ್ದರಿಂದ ಸುಮ್ಮನಿರಬೇಕು ಎನ್ನುವ ಹಿತೈಷಿಗಳಿದ್ದಾರೆ. ಇದು ಹಿತವಲ್ಲ. ಸತ್ಯವನ್ನು ಮುಚ್ಚಿ ಪಡೆದ ಒಪ್ಪಿಗೆ ಒಪ್ಪಿಗೆಯೇ ಅಲ್ಲ. ಆದುದರಿಂದ ಸತ್ಯವನ್ನು ಎರಡೂ ತಟ್ಟೆಗಳಲ್ಲಿಟ್ಟು ತೂಗೋಣ.

ಒಂದು ತಟ್ಟೆಯಲ್ಲಿ ನೆಮ್ಮದಿಯಿದೆ. ೨೦೨೧ರಲ್ಲಿ ಪ್ರಕಟವಾದ, ೨೭ ಅಧ್ಯಯನಗಳನ್ನೂ ಸುಮಾರು ೭,೯೦೦ ಜನರನ್ನೂ ಒಳಗೊಂಡ ಒಂದು ಪರಿಶೀಲನೆಯಲ್ಲಿ ಶಸ್ತ್ರಚಿಕಿತ್ಸೆಗಾಗಿ ಪಶ್ಚಾತ್ತಾಪ ಪಟ್ಟವರು ಶೇಕಡಾ ಒಂದರಷ್ಟು ಮಾತ್ರ. ಆದರೆ ಆ ಅಧ್ಯಯನಗಳು ಒಂದೇ ಬಗೆಯವಲ್ಲ, ರೋಗಿಗಳನ್ನು ಗಮನಿಸಿದ ಅವಧಿಯೂ ಸಮನಲ್ಲ ಎಂಬುದನ್ನು ಸೇರಿಸಿ ಹೇಳಬೇಕು. ಇನ್ನೊಂದು ತಟ್ಟೆಯಲ್ಲಿರುವುದೂ ಹಗುರವಲ್ಲ. ವೃಷಣ ಅಥವಾ ಅಂಡಾಶಯಗಳನ್ನು ತೆಗೆದ ಮೇಲೆ ಸ್ವಂತ ಸಂತಾನದ ಆಸೆ ಮುಗಿಯಿತು. ವೀರ್ಯವನ್ನೋ ಅಂಡವನ್ನೋ ಕಾಯ್ದಿರಿಸುವುದಿದ್ದರೆ ಅದು ಮೊದಲೇ ಆಗಬೇಕು. ಆಮೇಲೆ ದೀರ್ಘಕಾಲ ಹಾರ್ಮೋನು ಬೇಕು. ಬಿಟ್ಟರೆ ಮೂಳೆ ಸವೆಯುತ್ತದೆ. ಸ್ತ್ರೀ ಹಾರ್ಮೋನಿನಿಂದ ರಕ್ತ ಹೆಪ್ಪುಗಟ್ಟುವ ಅಪಾಯ, ಪುರುಷ ಹಾರ್ಮೋನಿನಿಂದ ರಕ್ತ ದಪ್ಪವಾಗುವ ಅಪಾಯ ಉಂಟು; ಒಡೆದು ಗಡಸಾದ ದನಿ ಔಷಧ ನಿಲ್ಲಿಸಿದರೂ ಹಿಂದಿರುಗದು. ಹೊಸದಾಗಿ ರಚಿಸಿದ ಯೋನಿಮಾರ್ಗ ಕಿರಿದಾಗದಂತೆ ವರ್ಷಗಟ್ಟಲೆ, ಅನೇಕ ವೇಳೆ ಜೀವಮಾನವಿಡೀ, ಅದನ್ನು ಹಿಗ್ಗಿಸುತ್ತಿರಬೇಕು. ಪುರುಷಾಂಗದ ರಚನೆಗೆ ಒಂದಕ್ಕಿಂತ ಹೆಚ್ಚು ಶಸ್ತ್ರಚಿಕಿತ್ಸೆಗಳು ಬೇಕಾಗುತ್ತವೆ. ಮೂತ್ರನಾಳ ಕಿರಿದಾಗುವುದು, ಸೋರುವುದು ಅದರಲ್ಲಿ ಅಪರೂಪವಲ್ಲ. ಔಷಧದಂಗಡಿಯ ಮಾತ್ರೆಗಳನ್ನು ರಕ್ತಪರೀಕ್ಷೆಯಿಲ್ಲದೆ ನುಂಗುವ ಬಡವರ ಪಾಡಂತೂ ಇದಕ್ಕಿಂತ ಕಷ್ಟದ್ದು.

ನೆರೆಯ ಕೇರಳದಲ್ಲಿ ಮೊದಲ ತೃತೀಯಲಿಂಗಿ ರೇಡಿಯೋ ನಿರೂಪಕಿಯೆಂದು ಹೆಸರಾಗಿದ್ದ ಅನನ್ಯಾ ಕುಮಾರಿ ಅಲೆಕ್ಸ್ ಅವರು, ೨೦೨೦ರಲ್ಲಿ ಆದ ಶಸ್ತ್ರಚಿಕಿತ್ಸೆಯ ನಂತರ ತಮಗೆ ಹೆಚ್ಚು ಹೊತ್ತು ನಿಲ್ಲಲೂ ಆಗುತ್ತಿಲ್ಲವೆಂದು ಬಹಿರಂಗವಾಗಿ ದೂರಿದ್ದರು. ೨೦೨೧ರ ಜುಲೈಯಲ್ಲಿ ಅವರು ತಮ್ಮ ನಿವಾಸದಲ್ಲಿ ಶವವಾಗಿ ಕಂಡುಬಂದರು. ಆಸ್ಪತ್ರೆಯವರು ನಿರ್ಲಕ್ಷ್ಯದ ಆರೋಪವನ್ನು ಅಲ್ಲಗಳೆದರು. ಆ ಪ್ರಕರಣದ ತಪ್ಪು ಒಪ್ಪುಗಳನ್ನು ನಾವು ನಿರ್ಣಯಿಸಲಾರೆವು. ಆದರೆ ಶಸ್ತ್ರಚಿಕಿತ್ಸೆಯ ದಿನ ಮುಗಿದ ಮೇಲೆಯೂ ರೋಗಿಯ ದೂರನ್ನು ಕೇಳುವ ಬಾಗಿಲೊಂದು ತೆರೆದಿರಬೇಕೆಂಬುದು ನಿರ್ವಿವಾದ. ಒಪ್ಪಿಗೆ ಕೊಟ್ಟಿದ್ದೀರಲ್ಲ, ಅನುಭವಿಸಿ ಎನ್ನುವವನು ವೈದ್ಯನಲ್ಲ, ವ್ಯಾಪಾರಿ.

ಧರ್ಮದ ಹೆಸರಿನಲ್ಲಿ ಬರುವ ಆಕ್ಷೇಪಗಳು ಎರಡು. ಶರಣರು ದೇಹವನ್ನು ದೇವಾಲಯಕ್ಕೆ ಸಮನಾಗಿ ಕಂಡರು, ಅದಕ್ಕೆ ಶಸ್ತ್ರ ತಾಗಿಸಬಹುದೇ ಎಂಬುದು ಮೊದಲನೆಯದು. ಕಣ್ಣಿನ ಪೊರೆಗೆ, ಹೃದಯದ ನಾಳಕ್ಕೆ ತಾಗಿಸುವಾಗ ಈ ಪ್ರಶ್ನೆ ಹುಟ್ಟಲಿಲ್ಲ. ಆ ದೇವಾಲಯದೊಳಗೆ ವಾಸಿಸುವವರ ಸಂಕಟವನ್ನು ಕೇಳದೆ ಗೋಡೆಯನ್ನಷ್ಟೇ ಪೂಜಿಸುವುದು ಶರಣರ ಮಾರ್ಗವೂ ಅಲ್ಲ. ಆತ್ಮಕ್ಕೆ ಹೆಣ್ಣು ಗಂಡೆಂಬ ಭೇದವಿಲ್ಲವೆಂದು ದೇವರ ದಾಸಿಮಯ್ಯನವರೇ ತಿಳಿಸಿರುವಾಗ ದೇಹವನ್ನು ತಿದ್ದುವ ಹಂಬಲವೇಕೆ ಎಂಬುದು ಎರಡನೆಯದು, ಹೆಚ್ಚು ಸೂಕ್ಷ್ಮವಾದದ್ದು. ಹೀಗೆ ಕೇಳುವವರು ಆಸ್ತಿ ಹಂಚುವಾಗ, ಮಗಳನ್ನು ಓದಿಸುವಾಗ, ಸೊಸೆಗೆ ಹೆಣ್ಣು ಮಗು ಹುಟ್ಟಿದಾಗ ಆ ಅಭೇದವನ್ನು ಆಚರಿಸಿದ್ದಾರೆಯೇ? ಬಾಳಿನ ಪ್ರತಿಯೊಂದು ಹೆಜ್ಜೆಯಲ್ಲೂ ದೇಹದ ಗುರುತನ್ನೇ ನೋಡಿ ಮನ್ನಣೆ ಅಳೆಯುವ ಸಮಾಜವು, ನಿನಗೇಕೆ ಗುರುತಿನ ಚಿಂತೆ ಎಂದು ಒಬ್ಬರಿಗೆ ಮಾತ್ರ ವೇದಾಂತ ಬೋಧಿಸುವುದು ಆತ್ಮವಂಚನೆ. ಹೊರಗುರುತಿನಿಂದ ಮನುಷ್ಯನನ್ನು ಅಳೆಯಬಾರದೆಂಬ ವಿಚಾರವನ್ನೇ ಮನುಷ್ಯನನ್ನು ಹುಟ್ಟಿನ ಗುರುತಿಗೆ ಕಟ್ಟಿಹಾಕುವ ಹಗ್ಗವಾಗಿ ಹೊಸೆಯಬಾರದು.

ಮಕ್ಕಳ ವಿಷಯವೇನೆಂದು ಕೇಳಬಹುದು. ನಮ್ಮ ಸೂತ್ರ ಅಲ್ಲಿಯೂ ಅದೇ. ಹಿಂದಿರುಗಿಸಲಾಗದ ಶಸ್ತ್ರಚಿಕಿತ್ಸೆ ತೂಗಿ ನೋಡುವ ಪ್ರಾಯ ಬರುವ ತನಕ ಕಾಯಲಿ. ಅಲ್ಲಿಯವರೆಗೆ ಮಗುವಿನ ಮಾತನ್ನು ಹೊಡೆತವಿಲ್ಲದೆ, ಹಾಸ್ಯವಿಲ್ಲದೆ ಕೇಳಲಿ. ಗಂಡೋ ಹೆಣ್ಣೋ ಸ್ಪಷ್ಟವಾಗದ ಅಂಗರಚನೆಯಿಂದ ಹುಟ್ಟಿದ ಹಸುಗೂಸುಗಳನ್ನು ತಂದೆತಾಯಿಗಳ ನಾಚಿಕೆ ಕಳೆಯುವುದಕ್ಕಾಗಿ ಕತ್ತರಿಸುವ ಪದ್ಧತಿಯೂ ನಿಲ್ಲಲಿ. ೨೦೧೯ರಲ್ಲಿ ಮದರಾಸು ಉಚ್ಚ ನ್ಯಾಯಾಲಯದ ಮಧುರೈ ಪೀಠ, ತಂದೆತಾಯಿಗಳ ಒಪ್ಪಿಗೆ ಮಗುವಿನ ಒಪ್ಪಿಗೆಯಾಗದು ಎಂದು ಹೇಳಿತು. ಅದೇ ವರ್ಷ ತಮಿಳುನಾಡು ಸರ್ಕಾರ, ಪ್ರಾಣಾಪಾಯದ ಸಂದರ್ಭಗಳನ್ನುಳಿದು, ಅಂತಹ ಶಸ್ತ್ರಚಿಕಿತ್ಸೆಯನ್ನು ನಿಷೇಧಿಸಿತು. ಬೇಡಿದವರಿಗೆ ನಿರಾಕರಣೆ, ಬೇಡದವರಿಗೆ ಬಲವಂತ ಎಂಬ ತಲೆಕೆಳಗಾದ ನ್ಯಾಯವನ್ನು ನೇರ್ಪಡಿಸಲು ಒಪ್ಪಿಗೆಯೊಂದೇ ಆಧಾರ.

ಕಾನೂನಿನ ದಾರಿ ಸ್ವಲ್ಪಮಟ್ಟಿಗೆ ತೆರೆದಿತ್ತು. ಮನ್ನಣೆಗಾಗಿ ಶಸ್ತ್ರಚಿಕಿತ್ಸೆಯನ್ನು ಕಡ್ಡಾಯ ಮಾಡುವುದು ಅನೈತಿಕ, ಕಾನೂನುಬಾಹಿರ ಎಂದು ೨೦೧೪ರ ಏಪ್ರಿಲಿನಲ್ಲಿ ಸರ್ವೋಚ್ಚ ನ್ಯಾಯಾಲಯ ಸಾರಿತು. ಶಸ್ತ್ರಚಿಕಿತ್ಸೆ, ಹಾರ್ಮೋನು ಚಿಕಿತ್ಸೆ, ಅವುಗಳ ಮೊದಲಿನ ಮತ್ತು ನಂತರದ ಆಪ್ತಸಲಹೆ ಇವುಗಳ ಹೊಣೆಯನ್ನು ೨೦೧೯ರ ಕಾಯಿದೆ ಸರ್ಕಾರಗಳ ಮೇಲೆ ಹೊರಿಸಿತು. ೨೦೨೨ರಲ್ಲಿ ಕೇಂದ್ರ ಸರ್ಕಾರ ವರ್ಷಕ್ಕೆ ೫ ಲಕ್ಷ ರೂಪಾಯಿಗಳ ಆರೋಗ್ಯ ವಿಮೆಯನ್ನು ಘೋಷಿಸಿತು. ಆದರೆ ಹಿರಿಯೂರಿನ ಹಳ್ಳಿಯಲ್ಲೋ ಹೊಸದುರ್ಗದ ಹಟ್ಟಿಯಲ್ಲೋ ಇರುವ ಯುವಕ ಯುವತಿಗೆ ಇದನ್ನೆಲ್ಲ ಕನ್ನಡದಲ್ಲಿ ಕುಳ್ಳಿರಿಸಿ ತಿಳಿಸುವವರು ಯಾರು?

ನಮ್ಮ ಪ್ರಸಾದ ನಿಲಯಗಳಲ್ಲಿ ಉಂಡು ಓದಿದ ಅನೇಕರು ಇಂದು ವೈದ್ಯರು, ವಕೀಲರು, ಅಧಿಕಾರಿಗಳು. ಈ ಕೆಲಸ ಅವರದು. ವೈದ್ಯರಾದವರು ಅಪಾಯಗಳನ್ನು ಹೆದರಿಸುವುದಕ್ಕಾಗಿ ಅಲ್ಲ, ತಿಳಿಸುವುದಕ್ಕಾಗಿ ಹೇಳಲಿ. ಯೋಚಿಸಲು ಕಾಲ ಕೊಡಲಿ. ಬೇಡವೆಂದು ಹಿಂದೆ ಸರಿಯುವ ಸ್ವಾತಂತ್ರ್ಯವನ್ನು ಕೊನೆಯ ಗಳಿಗೆಯವರೆಗೂ ಉಳಿಸಲಿ. ವಕೀಲರಾದವರು ಅರ್ಜಿ ಬರೆದುಕೊಡಲಿ. ತಂದೆತಾಯಿಗಳು ಮನೆಯ ಬಾಗಿಲನ್ನು ಮುಚ್ಚದಿರಲಿ; ಶಸ್ತ್ರಚಿಕಿತ್ಸೆಯ ಅನಂತರದ ವಾರಗಳಲ್ಲಿ ಗಂಜಿ ಕೊಡುವ ಕೈ ಯಾವ ಔಷಧಕ್ಕೂ ಕಡಿಮೆಯಲ್ಲ. ಖಂಡಿಸಿರೆಂದು ನಮ್ಮನ್ನು ಕೇಳಿದ ಭಕ್ತರು, ತಮ್ಮ ಊರಿನಲ್ಲಿ ಅಂತಹ ಒಬ್ಬರಿದ್ದರೆ ಮೊದಲು ಅವರ ಮಾತನ್ನು ಕೇಳಿ ಬರಲಿ. ಅನಂತರವೂ ಖಂಡಿಸಬೇಕೆನಿಸಿದರೆ ಆಗ ಚರ್ಚಿಸೋಣ.