ಪಾಠ ವೀಕ್ಷಣೆಯೂ ಗಿಟಾರಿನ ಶ್ರುತಿಯೂ

ಕಳೆದ ಬೇಸಿಗೆ ರಜೆಯಲ್ಲಿ ಹತ್ತು ದಿನ ಇಂಡಿಯ ಅಕ್ಕನ ಮನೆಯಲ್ಲಿದ್ದೆ. ಬಿ.ಎಸ್ಸಿ. ಓದುತ್ತಿರುವ ಅಕ್ಕನ ಮಗ ಎಲೆಕ್ಟ್ರಿಕ್ ಗಿಟಾರಿನ ಬಿಡಿಭಾಗಗಳನ್ನು ತರಿಸಿ ಪಡಸಾಲೆಯ ಚಾಪೆಯ ಮೇಲೆ ಹರವಿಕೊಂಡಿದ್ದ. ಮರದ ಒಡಲು, ಕೊರಳು, ಮೂರು ಪಿಕಪ್, ಕುದುರೆ, ಆರು ಬಿರಡೆ, ಒಂದಿಷ್ಟು ವೈರು. ಇದನ್ನೆಲ್ಲ ಜೋಡಿಸಲು ರಜೆ ಪೂರ್ತಿ ಬೇಕಾದೀತು ಎಂದುಕೊಂಡೆ. ಆದರೆ ಕೊರಳು ನಾಲ್ಕು ಸ್ಕ್ರೂಗಳಿಂದ ಒಡಲಿಗೆ ಕೂತಿತು. ವೈರುಗಳ ಬೆಸುಗೆ ಮಧ್ಯಾಹ್ನದೊಳಗೆ ಮುಗಿಯಿತು. ಸಂಜೆಗೆ ತಂತಿ ಏರಿದವು. ನೋಡಲು ಗಿಟಾರೇ. ಬಾರಿಸಿದರೆ ಮಾತ್ರ ಕಿವಿ ಮುಚ್ಚಿಕೊಳ್ಳಬೇಕು. ಉಳಿದ ಒಂಬತ್ತು ದಿನ ಅದನ್ನು ಹೊಂದಿಸುವುದಕ್ಕೇ ಹೋದವು.

ಹೊಂದಿಸುವುದೆಂದರೆ ಬಿರಡೆ ತಿರುವಿ ಶ್ರುತಿ ಮಾಡುವುದಷ್ಟೇ ಅಲ್ಲ. ಕೊರಳಿನೊಳಗೆ ಒಂದು ಉಕ್ಕಿನ ಸರಳಿದೆ. ತಂತಿಗಳ ಎಳೆತಕ್ಕೆ ಮುಂದಕ್ಕೆ ಬಾಗಿದ ಕೊರಳನ್ನು ಆ ಸರಳು ಬಿಗಿದು ಹಿಂದಕ್ಕೆ ತರಬೇಕು. ಅದೂ ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚಿಲ್ಲ. ತಿರುವಿದ ಮೇಲೆ ಮರ ಒಗ್ಗಿಕೊಳ್ಳಲು ಬಿಟ್ಟು ಮರುದಿನ ನೋಡಬೇಕು. ಆಮೇಲೆ ತಂತಿಗಳ ಎತ್ತರ. ಕೊನೆಗೆ ಒಂದೊಂದು ತಂತಿಯ ಉದ್ದ.

ಈ ಕೊನೆಯ ಕೆಲಸ ನನ್ನನ್ನು ಹಿಡಿದು ಕೂರಿಸಿತು. ಈ ಗಿಟಾರಿನಲ್ಲಿ ತಂತಿಯ ಲೆಕ್ಕದ ಉದ್ದ 25.5 ಇಂಚು, ಅಂದರೆ 647.7 ಮಿ.ಮೀ. ಹನ್ನೆರಡನೆಯ ಮೆಟ್ಟಿಲು ಸರಿಯಾಗಿ ಅರ್ಧಕ್ಕೆ, 323.85 ಮಿ.ಮೀ.ಗೆ ಇದೆ. ಅಲ್ಲಿ ಒತ್ತಿ ಬಾರಿಸಿದರೆ ಆವೃತ್ತಿ ಇಮ್ಮಡಿಯಾಗಿ ಮೇಲಿನ ಷಡ್ಜ ಕೇಳಬೇಕು. ಆದರೆ ಬೆರಳು ಒತ್ತಿದಾಗ ತಂತಿ ಸ್ವಲ್ಪ ಹಿಗ್ಗುತ್ತದೆ, ಬಿಗಿತ ಹೆಚ್ಚುತ್ತದೆ, ಸ್ವರ ಏರುತ್ತದೆ. ಅದನ್ನು ಸರಿದೂಗಿಸಲು ಕುದುರೆಯ ಮೇಲೆ ಆ ತಂತಿಯ ಆಸರೆಯನ್ನು ಕೂದಲೆಳೆಯಷ್ಟು ಹಿಂದೆ ಸರಿಸಬೇಕು. ತಂತಿ ದಪ್ಪವಾದಷ್ಟೂ ಹೆಚ್ಚು ಸರಿಸಬೇಕಾಗುತ್ತದೆ. ಅದಕ್ಕೇ ಗಿಟಾರಿನ ಕುದುರೆಯ ಮೇಲೆ ಆ ಆರು ಆಸರೆಗಳು ಒಂದೇ ಸಾಲಿನಲ್ಲಿ ನಿಂತಿರುವುದಿಲ್ಲ.

ಐದನೆಯ ದಿನ ಹುಡುಗ ಊಟಕ್ಕೆ ಎದ್ದಾಗ ನಾನು ಸಹಾಯ ಮಾಡಲು ಹೋಗಿ ಆರೂ ಸ್ಕ್ರೂ ತಿರುವಿಟ್ಟೆ. ಅವನು ಬಂದು ಬಾರಿಸಿ ನೋಡಿ ಸಿಟ್ಟಾಗಲಿಲ್ಲ, ನಕ್ಕ. “ಮಾಮಾ, ಆರೂ ಒಮ್ಮಿಗೆ ತಿರುವಿದ್ರ ಯಾವುದರಿಂದ ಏನಾತು ಅಂತ ಹ್ಯಾಂಗ ಗೊತ್ತಾಗ್ಬೇಕ್ರಿ? ಒಂದು ತಿರುವ್ರಿ, ಬಾರಿಸಿ ಕೇಳ್ರಿ, ಆಮ್ಯಾಲ ಮುಂದಿಂದು.”

ಆ ರಾತ್ರಿ ನನಗೆ ಮುದ್ದೇಬಿಹಾಳದ ಒಂದು ಶಾಲೆಯ ಒಂಬತ್ತನೆಯ ತರಗತಿ ನೆನಪಾಯಿತು. ಅಲ್ಲಿ ಮೊದಲ ವರ್ಷದ ಪ್ರಶಿಕ್ಷಣಾರ್ಥಿಯೊಬ್ಬ ಶಬ್ದದ ಪಾಠ ಮಾಡಿದ್ದ. ಹೇಳಿಕೊಳ್ಳುವಂಥ ಪಾಠವಲ್ಲ, ಆದರೆ ಮಕ್ಕಳೊಡನೆ ಮಾತಾಡುತ್ತಿದ್ದ. ನಾನು ವೀಕ್ಷಣಾ ಪುಸ್ತಕದಲ್ಲಿ ಹನ್ನೊಂದು ಸಲಹೆ ಬರೆದೆ. ಕಪ್ಪುಹಲಗೆಯ ಅಕ್ಷರ ಸಣ್ಣದು, ಪ್ರಶ್ನೆಗಳು ಹೌದು-ಇಲ್ಲದವು, ಕಲಿಕೋಪಕರಣವಿಲ್ಲ, ಧ್ವನಿಯಲ್ಲಿ ಏರಿಳಿತವಿಲ್ಲ, ಹೀಗೆ. ಪ್ರತಿಯೊಂದೂ ನಿಜವೇ. ಎರಡನೆಯ ಪಾಠದಲ್ಲಿ ಅವನ ಅಕ್ಷರ ದೊಡ್ಡದಾಯಿತು, ಬೆನ್ನು ಮಕ್ಕಳ ಕಡೆ ತಿರುಗಿತು. ಮೂರನೆಯದರಲ್ಲಿ ಪಾಠಯೋಜನೆಯನ್ನು ಕೈಯಲ್ಲಿ ಹಿಡಿದು ಓದಿದ. ಪಾಠ ಮುಗಿದ ಮೇಲೆ ಬಂದು, “ಸರ್, ಮೊದಲನೇ ಪಾಠನ ಛಲೋ ಆಗಿತ್ರಿ. ಈಗ ಮಕ್ಕಳ ಕಡೆ ನೋಡಾಕ ಅಂಜಿಕಿ ಆಗ್ತದ್ರಿ. ಈ ಕೆಲಸ ನನ್ನಿಂದ ಆಗಂಗಿಲ್ಲ ಅನಸ್ತದ” ಎಂದ. ಧೈರ್ಯ ಹೇಳಿ ಕಳಿಸಿದೆ. ತಪ್ಪು ನನ್ನದೆಂದು ಆಗ ಹೊಳೆದಿರಲಿಲ್ಲ.

ಅಣುಬೋಧನೆಯ ಚಕ್ರವನ್ನು ನಾವೆಲ್ಲ ಪರೀಕ್ಷೆಗೆ ಓದಿದ್ದೇವೆ, ಓದಿಸಿದ್ದೇವೆ. ಬೋಧನೆ 6 ನಿಮಿಷ, ಹಿಮ್ಮಾಹಿತಿ 6, ಪುನರ್ಯೋಜನೆ 12, ಪುನರ್ಬೋಧನೆ 6, ಪುನರ್ಹಿಮ್ಮಾಹಿತಿ 6, ಒಟ್ಟು 36. 1960ರ ದಶಕದಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಡ್ವೈಟ್ ಆ್ಯಲನ್ ಮತ್ತು ಸಂಗಡಿಗರು ಇದನ್ನು ರೂಪಿಸಿದಾಗ ಒಂದು ಸಲಕ್ಕೆ ಒಂದೇ ಕೌಶಲ ಎಂಬುದೇ ಅದರ ಜೀವಾಳವಾಗಿತ್ತು. ನಮ್ಮಲ್ಲಿ ಮೊದಲ 12 ನಿಮಿಷ ನಡೆಯುತ್ತದೆ. ಉಳಿದ 24 ನಿಮಿಷ ದಾಖಲೆ ಪುಸ್ತಕದಲ್ಲಿ ನಡೆಯುತ್ತದೆ. ಇದು ನಮ್ಮ ನಮ್ಮೊಳಗಿನ ಮಾತಾದ್ದರಿಂದ ಹೇಳಿಬಿಟ್ಟೆ. ಶಾಲೆಗೆ ಹೋದಮೇಲಂತೂ ಪುನರ್ಬೋಧನೆಯ ಹೆಸರೇ ಇಲ್ಲ. ಪಾಠಗಳ ಸಂಖ್ಯೆ ತುಂಬಬೇಕು. ಮೇಲ್ವಿಚಾರಕ ಬೆಳಗ್ಗೆ ಸಿಂದಗಿಯಲ್ಲಿದ್ದರೆ ಮರುದಿನ ಮುದ್ದೇಬಿಹಾಳದ ಬಸ್ಸಿನಲ್ಲಿರುತ್ತಾನೆ. ಹಾಗಾಗಿ ಕಂಡದ್ದನ್ನೆಲ್ಲ ಒಮ್ಮೆಗೇ ಬರೆದು ಸಹಿ ಮಾಡುತ್ತೇವೆ. ಬರೆದಷ್ಟೂ ಶ್ರದ್ಧೆಯ ಮೇಲ್ವಿಚಾರಕ ಎಂಬ ಹೆಸರು ಬೇರೆ.

ಎನ್‌ಸಿಟಿಇ 2014ರ ನಿಯಮಗಳಂತೆ ಎರಡು ವರ್ಷದ ಬಿ.ಇಡಿ.ಯಲ್ಲಿ ಶಾಲಾ ಇಂಟರ್ನ್‌ಶಿಪ್ಪಿಗೆ 20 ವಾರಗಳಿವೆ. ಪುನರ್ಬೋಧನೆಗೆ ಕಾಲವಿಲ್ಲ ಎಂದು ಇನ್ನು ಹೇಳುವಂತಿಲ್ಲ. ನನ್ನ ಅಭಿಪ್ರಾಯ ಇಷ್ಟು: ಒಂದು ಪಾಠಕ್ಕೆ ಒಂದೇ ಸಲಹೆ. ಅದೇ ಪಾಠವನ್ನು ಅದೇ ವಾರ ಇನ್ನೊಂದು ವಿಭಾಗದಲ್ಲಿ ಮತ್ತೆ ಮಾಡಿಸಬೇಕು. ನಾವು ಬರಲಾಗದಿದ್ದರೆ ಸಹಪಾಠಿ ಕೂತು ಆ ಒಂದನ್ನಷ್ಟೇ ನೋಡಲಿ.

ಯಾವ ಒಂದು ಎಂಬುದೇ ಕಷ್ಟದ ಪ್ರಶ್ನೆ. ಇಲ್ಲಿಯೂ ಗಿಟಾರಿನ ಅನುಕ್ರಮ ನನಗೆ ಒಪ್ಪಿಗೆಯಾಗುತ್ತದೆ. ಕೊರಳು ಬಾಗಿರುವಾಗ ತಂತಿಯ ಉದ್ದ ಸರಿಪಡಿಸಿದರೆ ಆ ಶ್ರಮ ವ್ಯರ್ಥ. ಕೊರಳು ನೇರವಾದ ಕೂಡಲೇ ಎಲ್ಲ ಲೆಕ್ಕವೂ ತಪ್ಪುತ್ತದೆ. ಪಾಠದಲ್ಲಿ ಕೊರಳೆಂದರೆ ವಿಷಯಜ್ಞಾನ. ಕಂಪನಾಂಕಕ್ಕೂ ಕಂಪನವಿಸ್ತಾರಕ್ಕೂ ವ್ಯತ್ಯಾಸ ಗೊತ್ತಿಲ್ಲದವನಿಗೆ ಬಣ್ಣದ ಸೀಮೆಸುಣ್ಣ ಬಳಸು ಎಂದು ಬರೆಯುವುದು ನಾನೇ ಮಾಡಿದ ಕೆಲಸ.

ವಾದ್ಯದವರಿಗೆ ಇದು ಹೊಸತಲ್ಲ. ಸಿತಾರ್ ತಂಬೂರಿಗಳಿಗೆ ಹೆಸರಾದ ಮೀರಜ್ ನಮ್ಮ ಗಡಿಯಾಚೆಯೇ ಇದೆ. ತಂಬೂರಿಯ ಜವಾರಿ ಕೂಡಿಸುವವರು ಕುದುರೆಯ ಮೈಯನ್ನು ಸ್ವಲ್ಪವೇ ಉಜ್ಜಿ, ತಂತಿ ಮೀಟಿ ಕೇಳಿ, ಮತ್ತೆ ಸ್ವಲ್ಪ ಉಜ್ಜುತ್ತಾರೆ. ಹೆಚ್ಚು ಉಜ್ಜಿದ್ದನ್ನು ಮರಳಿ ಅಂಟಿಸಲಾಗದು.

ಮನುಷ್ಯ ಗಿಟಾರಲ್ಲ ಎಂಬ ಆಕ್ಷೇಪ ಬರುತ್ತದೆ, ಅದು ಸರಿ. ಗಿಟಾರಿಗೆ ಅಂಕದ ಹೆದರಿಕೆಯಿಲ್ಲ. ಒಂದೇ ಸಲಹೆ ಬರೆದರೆ ಉಳಿದದ್ದೆಲ್ಲ ಸರಿಯಿದೆ ಎಂದು ಪ್ರಶಿಕ್ಷಣಾರ್ಥಿ ತಿಳಿಯಬಹುದು, ಮಕ್ಕಳಿಗೆ ತಪ್ಪು ಹೋಗಬಹುದು. ತಪ್ಪು ವಿಷಯ ಹೋಗುತ್ತಿದ್ದರೆ ಅದೇ ಆ ದಿನದ ಒಂದು ಸಲಹೆ. ಅಕ್ಷರ ಸಣ್ಣದಾಗಿದ್ದರೆ ಒಂದು ವಾರ ಸಣ್ಣದಾಗಿಯೇ ಇರಲಿ.

ಆ ಹುಡುಗನ ಎರಡನೆಯ ವರ್ಷದ ಇಂಟರ್ನ್‌ಶಿಪ್ ಬಸವನ ಬಾಗೇವಾಡಿಗೆ ಬಂತು. ಮತ್ತೆ ಶಬ್ದದ ಪಾಠವನ್ನೇ ಮಾಡು ಎಂದೆ. ‘ಎ’ ವಿಭಾಗದ ಪಾಠ ನೋಡಿ ಒಂದೇ ಸಾಲು ಬರೆದೆ: ಮಕ್ಕಳಿಗೆ ಕೇಳಿಸು. ಎರಡು ದಿನ ಬಿಟ್ಟು ‘ಬಿ’ ವಿಭಾಗಕ್ಕೆ ಬಂದಾಗ ಅವನ ಕೈಯಲ್ಲಿ ಒಂದು ಹಲಗೆ, ಎರಡು ಮೊಳೆ, ಬಿಗಿದ ಉಕ್ಕಿನ ತಂತಿ, ಅದರ ಕೆಳಗೆ ಎರಡು ಮರದ ತುಂಡು. ನಡುವೆ ಮೂರನೆಯ ತುಂಡಿಟ್ಟು ಅರ್ಧ ತಂತಿ ಮೀಟಿದ. ಕೊನೆಯ ಬೆಂಚಿನ ಹುಡುಗಿಯೊಬ್ಬಳು, “ಸರ್, ಭಜನಿ ಪೇಟಿ ಒಳಗಿನ ಮ್ಯಾಲಿನ ಸಾ ಇದ್ಧಂಗ ಐತ್ರಿ” ಎಂದಳು. ಅವನು ಅವಳನ್ನೇ ಕರೆದು ಹಲಗೆ ಕೈಗೆ ಕೊಟ್ಟ. ಮುಂದಿನ ಹದಿನೈದು ನಿಮಿಷ ಕಪ್ಪುಹಲಗೆ ಖಾಲಿಯೇ ಇತ್ತು, ಅಕ್ಷರದ ಮಾತು ನಾನೂ ಎತ್ತಲಿಲ್ಲ.